ತತ್ತಿ ಟ್ರೇಯ ಥಿಯೇಟರು

ರಾಮಲಿಂಗಪ್ಪನವರಿಗೆ ಈ ಲೋಕದಲ್ಲಿ ಬೇಕಾಗಿದ್ದುದು ಒಂದೇ ಒಂದು ಮಾತು: ಆ ಖೂನಿ ಯಾರು ಮಾಡಿದರು?

ಖೂನಿ ಆಗಿದ್ದು ಸಿನಿಮಾದಲ್ಲಿ. ಲೋಣಾವಳಾದ ಒಂದು ಬಂಗಲೆ. ಮುದುಕ ಶೇಠಜಿ ಬೆಳಗಿನ ನಾಷ್ಟಾಕ್ಕೆ ಕೂತವನು ಕೂತಲ್ಲೇ ಸತ್ತು ಹೋಗುತ್ತಾನೆ. ಹೆಂಡತಿ, ತಮ್ಮನ ಮಗ, ಡಾಕ್ಟರು, ವಕೀಲ, ಅಡಿಗೆಯವ, ಐದೂ ಜನರ ಮೇಲೆ ಗುಮಾನಿ. ಮೂರು ತಾಸು ಎಲ್ಲರನ್ನೂ ಗೋಳು ಹೊಯ್ದುಕೊಂಡು ಕೊನೆಗೆ ಇನ್‌ಸ್ಪೆಕ್ಟರು ಅವರನ್ನು ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸುತ್ತಾನೆ. ಅಷ್ಟರಲ್ಲಿ ಬಂಗಲೆಯ ದೀಪ ಹೋಗುತ್ತದೆ. ಪರದೆ ಪೂರ್ತಿ ಕಪ್ಪು. ಆ ಕತ್ತಲಲ್ಲೇ ಅವನು ಖೂನಿ ಮಾಡಿದವರ ಹೆಸರು ಹೇಳುತ್ತಾನೆ. ದೀಪ ಬರುವಷ್ಟರಲ್ಲಿ ಪೊಲೀಸ್ ಜೀಪು ಹೊರಟುಹೋಗಿರುತ್ತದೆ, ಸಿನಿಮಾ ಮುಗಿದಿರುತ್ತದೆ.

ಹೆಸರು ಹೇಳುತ್ತಾನೆ, ಸರಿ. ರಾಮಲಿಂಗಪ್ಪನವರಿಗೆ ಕೇಳಿಸಬೇಕಲ್ಲ! ಸರಿಯಾಗಿ ಆ ಗಳಿಗೆಗೆ ಮೇಲಿನ ಮನೆಯ ಕೃಷ್ಣಾಬಾಯಿಯವರ ಭಜನಾ ಮಂಡಳಿ ತಾಳ ಎತ್ತಿಕೊಳ್ಳುತ್ತಿತ್ತು. ಒಂಬತ್ತು ಹೆಣ್ಣುಮಕ್ಕಳು, ಒಂಬತ್ತು ಜೋಡಿ ತಾಳ, ಒಂದು ಹಾರ್ಮೋನಿಯಂ. ಎರಡು ಗಂಟೆಗೆ ಅವರೆಲ್ಲ ಮೆಟ್ಟಿಲು ಹತ್ತುವುದು ಕೇಳಿಸುತ್ತಿತ್ತು. ಆಮೇಲೆ ಹತ್ತು ನಿಮಿಷ ಒಂದು ಪಿಟಕ್ ಅನ್ನುವ ಸದ್ದೂ ಇಲ್ಲ. 'ಇವತ್ತು ಭಜನಿ ಇಲ್ಲ ಕಾಣಸ್ತದ' ಎಂದು ರಾಮಲಿಂಗಪ್ಪನವರು ಹಿಗ್ಗುವಷ್ಟರಲ್ಲಿ ಝಣ್ ಎಂದು ಶುರುವಾದರೆ ಐದರ ತನಕ ಬಿಡುವಿಲ್ಲ. ಜಗಳಕ್ಕೆ ಹೋಗೋಣವೆಂದರೆ ಒಂಬತ್ತರಲ್ಲಿ ಒಂದು ಜೋಡಿ ತಾಳ ಅವರ ತಾಯಿ ಭೀಮವ್ವನ ಕೈಯಲ್ಲೇ ಇತ್ತು.

ಗೋಕಾಕದ ಕಡೆಯ ರಾಮಲಿಂಗಪ್ಪನವರು ಪುಣೆಯ ಒಂದು ವಿಮಾ ಆಫೀಸಿನಲ್ಲಿ ಹೆಡ್ ಕ್ಲಾರ್ಕು. ವಾರದ ದಿನಗಳಲ್ಲಿ ಟಿವಿ ಅತ್ತೆ ಸೊಸೆಯರದು, ಧಾರಾವಾಹಿಗಳದು. ಭಾನುವಾರ ಮಾತ್ರ ಇವರದು. ಸಿಡಿ ಲೈಬ್ರರಿ ತೆರೆಯುವುದು ಹನ್ನೊಂದಕ್ಕೆ, ಐದಕ್ಕೆ ವಾಪಸು ಕೊಡಬೇಕು. ಮೂರು ಭಾನುವಾರ ಅದೇ ಸಿನಿಮಾ ತಂದು ಮೂರು ಸಲವೂ ಅದೇ ಕತ್ತಲಲ್ಲಿ ಅದೇ ತಾಳ ಕೇಳಿದ್ದರು.

"ಕೊನೀದಷ್ಟ ಓಡಿಸಿ ಮೊದಲ ನೋಡಿಬಿಡ್ರಲ್ಲ," ಎಂದಿದ್ದಳು ಹೆಂಡತಿ ಅಂಬಾ.

"ನಾ ಯಾವ ಫೈಲೂ ಹಿಂದಿನಿಂದ ತಗದಾಂವಲ್ಲ," ಎಂದಿದ್ದರು ರಾಮಲಿಂಗಪ್ಪನವರು.

ಆಗಲೇ ಆಫೀಸಿನ ಗೆಳೆಯರೊಬ್ಬರು ವರ್ಗವಾಗಿ ಹೋಗುತ್ತ ತಮ್ಮ ಹೋಮ್ ಥಿಯೇಟರಿನ ಸೆಟ್ಟನ್ನು ಇವರ ತಲೆಗೆ ಕಟ್ಟಿ ಹೋದರು. ಐದು ಸ್ಪೀಕರು, ಒಂದು ವೂಫರು ಡಬ್ಬಿ, ಗೇಣುದ್ದ ರಿಮೋಟು. ಅದರ ಹಿಂದೆಯೇ ಭಾನುವಾರದ ಮರಾಠಿ ಪೇಪರಿನಲ್ಲಿ ಒಂದು ಲೇಖನ ಬಂತು: 'ಮನೆಯಲ್ಲೇ ಥಿಯೇಟರು, ನೀವೇ ಮಾಡಿ.' ಸಣ್ಣ ಕೋಣೆ ಆರಿಸಿ, ಕಿಟಕಿಗೆ ಕಂಬಳಿ ಹಾಕಿ, ಗೋಡೆಗೆಲ್ಲ ರಟ್ಟಿನ ತತ್ತಿ ಟ್ರೇ ಅಂಟಿಸಿ. ರಾಮಲಿಂಗಪ್ಪನವರು ಅದನ್ನು ಕತ್ತರಿಸಿ ಮಡಚಿ ಕಿಸೆಯಲ್ಲಿಟ್ಟುಕೊಂಡರು. ಭಜನೆಯಿಂದ ಪಾರಾಗುವ ದಾರಿ ಸಿಕ್ಕಿತು ಎಂದು ಅವರಿಗೆ ಅಳು ಬರುವಷ್ಟು ಸಂತೋಷವಾಯಿತು.

ವಾರವೆಲ್ಲ ಹಿಂದಿನ ಕೋಣೆಯ ಜೋಳದ ಡಬ್ಬಿ, ಟ್ರಂಕು ಹೊರಗೆ ಹಾಕಿ, ಟಿವಿ ಒಳಗೆ ತಂದು, ಸ್ಪೀಕರು ಜಡಿದು, ಭಾನುವಾರ ಬೆಳಿಗ್ಗೆ ಏಳಕ್ಕೆ ಕ್ಯಾಂಪ್ ಪೇಟೆಯ ತತ್ತಿ ಅಂಗಡಿಯಿಂದ ಇನ್ನೂರು ಟ್ರೇ ತಂದರು. ಎಲ್ಲ ಹೊಸವು, ಒಂದು ತತ್ತಿಯನ್ನೂ ಕಾಣದವು. ಆದರೂ ಹೌಸಿಂಗ್ ಸೊಸೈಟಿಯ ಗೇಟಿನ ಮೇಲೆ 'ಶುದ್ಧ ಶಾಕಾಹಾರಿ' ಎಂದು ಹಿತ್ತಾಳೆ ಅಕ್ಷರದ ಫಲಕವಿತ್ತು. ಆದ್ದರಿಂದ ಹಳೆಯ ಚಾದರಿನಲ್ಲಿ ಗಂಟು ಕಟ್ಟಿ, ಕಳ್ಳ ಹೆಜ್ಜೆ ಹಾಕಿ ಮೆಟ್ಟಿಲು ಹತ್ತಿದರು. ಎರಡನೆಯ ಮಹಡಿಯ ತಿರುವಿನಲ್ಲಿ ಗಂಟು ಬಿಚ್ಚಿತು. ಟ್ರೇಗಳು ಮೆಟ್ಟಿಲ ತುಂಬ ಚೆಲ್ಲಿ, ಕೆಲವು ಉರುಳಿ ಗೇಟಿನ ತನಕ ಹೋದವು.

ಗೇಟಿನಲ್ಲಿ ಸೆಕ್ರೆಟರಿ ಬಾಳಕೃಷ್ಣರಾಯರು ಆ ಹಿತ್ತಾಳೆ ಫಲಕವನ್ನೇ ಒರೆಸುತ್ತಿದ್ದರು. ಒಂದು ಟ್ರೇಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಮೇಲೆ ಬಂದರು.

"ಏನ್ರಿ ಇದು, ರಾಮಲಿಂಗಪ್ಪ?"

"ಟ್ರೇರಿ. ಸೌಂಡಿಂದು."

"ಸೌಂಡ್ ತತ್ತಿ ಇಡ್ತದೇನ್ರಿ?"

ರಾಮಲಿಂಗಪ್ಪನವರು ಬಾಯಿ ತೆರೆಯುವ ಮೊದಲೇ ಬಾಳಕೃಷ್ಣರಾಯರು ಟ್ರೇಗಳನ್ನು ಅಂದಾಜು ಮಾಡಿ, ಮೂವತ್ತರಿಂದ ಗುಣಿಸಿ, "ಆರು ಸಾವಿರ ತತ್ತಿ! ಅರೇ ದೇವಾ!" ಎಂದು ಗೋಡೆ ಹಿಡಿದುಕೊಂಡರು.

ಮನೆಯೊಳಗೆ ಇನ್ನೊಂದು ಕಚೇರಿ ನಡೆಯಿತು. "ಲಿಂಗಾ ಕಟ್ಟಿಗೊಂಡ ಮೈಗೆ ತತ್ತಿ ಡಬ್ಬಿ ಅಪ್ಪಿಗೊಂಡ ಬಂದೀಯಲ್ಲೋ! ನಿಮ್ಮಪ್ಪ ಇದ್ದಿದ್ರ ಏನ್ ಅಂತಿದ್ದಾ?" ಎಂದು ಭೀಮವ್ವ ಹಣೆ ಚಚ್ಚಿಕೊಂಡಳು.

"ಯವ್ವಾ, ಕೋರಾ ಮಾಲು, ಎಲ್ಲಾ ಹೊಸಾವು. ನಿನ್ನಾಣಿ."

"ನನ್ನ ಮ್ಯಾಲ ಯಾಕ ಆಣಿ ಮಾಡ್ತೀಯೋ? ಮೊದಲ ಜಳಕಾ ಮಾಡು, ನಡಿ!"

ರಾಮಲಿಂಗಪ್ಪನವರು ಆ ದಿನದ ಎರಡನೆಯ ಸ್ನಾನ ಮಾಡಿ ಬರುವಷ್ಟರಲ್ಲಿ ಭೀಮವ್ವ ನೆಲಕ್ಕೆ ಕೂತು ಒಂದೊಂದೇ ಟ್ರೇಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದಳು. ಇನ್ನೂರು ಮುಗಿಯುವ ತನಕ ಒಂದನ್ನೂ ಮುಟ್ಟಗೊಡಲಿಲ್ಲ. ಒಂದೂವರೆ ತಾಸು! ಅಷ್ಟು ಹೊತ್ತಿಗೆ ಮೈದಾ ಹಿಟ್ಟಿನ ಅಂಟು ಪಾತ್ರೆಯಲ್ಲೇ ಗಟ್ಟಿಯಾಗಿತ್ತು. ಅಂಬಾ ಗೊಣಗುತ್ತ ಇನ್ನೊಂದು ಸಲ ಕುದಿಸಿ ಕೊಟ್ಟಳು.

ಅಂಟಿಸುವ ಕೆಲಸ ಸುಖದ್ದಲ್ಲ. ಒಂದನ್ನು ಒತ್ತಿ ಹಿಡಿದರೆ ಇನ್ನೊಂದು ಬಿಚ್ಚಿ ತಲೆಯ ಮೇಲೆ ಕೂಡುತ್ತಿತ್ತು. ಕೂದಲಿಗೆ ಅಂಟು, ಮೀಸೆಗೆ ವಿಭೂತಿ. ಹೀಗೆ ಸ್ಟೂಲಿನ ಮೇಲೆ ನಿಂತಿದ್ದಾಗ ಕೆಳಗಿನ ಮನೆಯ ಶಿವರುದ್ರಪ್ಪನವರು ಬಂದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಸಮಾಜದ ಸಂಘದ ಉಪಾಧ್ಯಕ್ಷರು. ರಾಮಲಿಂಗಪ್ಪನವರು ಕೈಯಲ್ಲಿದ್ದ ಟ್ರೇಯನ್ನು ಬೆನ್ನ ಹಿಂದೆ ಬಚ್ಚಿಟ್ಟರು.

ಶಿವರುದ್ರಪ್ಪನವರು ಹಿಂದೆ ಮುಂದೆ ನೋಡಿ, ಬಾಗಿಲು ಮುಂದೆ ಮಾಡಿ, ಪಿಸುಗುಟ್ಟಿದರು: "ಗಾವಠಿ ಅದಾವೇನ್ರಿ?"

"ಏನು?"

"ಹಳ್ಳಿ ಕೋಳಿ ತತ್ತೀರಿ. ನನಗ ಡಾಕ್ಟರ ಹೇಳ್ಯಾರ. ಅರ್ಧಾ ಡಜನ್ ಸಾಕು, ಪೇಪರಿನಾಗ ಸುತ್ತಿ ಕೊಡ್ರಿ."

"ತತ್ತಿ ಇಲ್ಲರಿ! ಬರೀ ಟ್ರೇ!"

"ಎಲ್ಲಾರಿಗೂ ಕೊಟ್ಟು ನನಗಷ್ಟ ಇಲ್ಲ ಅಂತೀರಿ? ಇರಲಿ, ಇರಲಿ," ಎಂದು ಶಿವರುದ್ರಪ್ಪನವರು ಮುಖ ಊದಿಸಿಕೊಂಡು ಹೋದರು. ಅವರು ಕೆಳಗೆ ಹೋಗಿ ಏನು ಹೇಳಿದರೋ, ಹನ್ನೊಂದರ ಹೊತ್ತಿಗೆ ಸೊಸೈಟಿಯ ಹನ್ನೆರಡೂ ಮನೆಗೆ ಸುದ್ದಿ ಮುಟ್ಟಿತ್ತು. ರಾಮಲಿಂಗಪ್ಪ ಕಿಟಕಿಗೆ ಕಂಬಳಿ ಹೊದಿಸಿ ಹಿಂದಿನ ಕೋಣೆಯಲ್ಲಿ ಕೋಳಿ ಸಾಕಿದ್ದಾನಂತೆ! ಯಾರೋ ಒಬ್ಬರು ಕೂಗಿದ್ದನ್ನೂ ಕೇಳಿದ್ದರಂತೆ.

ಕೂಗಿದ್ದು ನಿಜ. ಸ್ಪೀಕರಿನ ವೈರು ಜೋಡಿಸುವಾಗ ಶಾಕ್ ಹೊಡೆದು ರಾಮಲಿಂಗಪ್ಪನವರೇ ಕೂಗಿದ್ದರು.

ಅಂತೂ ಲೈಬ್ರರಿ ತೆರೆದ ಕೂಡಲೇ ಓಡಿ ಹೋಗಿ ಅದೇ ಸಿನಿಮಾ ತಂದು, ಹನ್ನೊಂದೂ ಹತ್ತಕ್ಕೆ ಡಿವಿಡಿ ಹಾಕಿ ಬೆತ್ತದ ಕುರ್ಚಿಯಲ್ಲಿ ಕೂತರು. ವೈರು ಅದಲು ಬದಲಾಗಿತ್ತು. ಶೇಠಜಿ ಎದುರಿಗೆ ಬಾಯಿ ಆಡಿಸಿದರೆ ಮಾತು ಬೆನ್ನ ಹಿಂದಿನಿಂದ ಬರುತ್ತಿತ್ತು. ಅಡಿಗೆಯವ ಪರದೆಯಲ್ಲಿ ಬಾಗಿಲು ಬಡಿದಾಗ ಇವರು ಎದ್ದು ಹೋಗಿ ಬಾಗಿಲು ತೆರೆದರು. ಯಾರೂ ಇಲ್ಲ. ವಕೀಲ ಬಡಿದಾಗಲೂ ತೆರೆದರು. ಆಮೇಲೆ ಬುದ್ಧಿ ಬಂತು, ಏನೇ ಬಡಿದರೂ ಏಳಬಾರದೆಂದು ನಿಶ್ಚಯಿಸಿದರು. ಮೈಯೆಲ್ಲ ನೋಯುತ್ತಿದ್ದರೂ ಮನಸ್ಸು ತಣ್ಣಗಿತ್ತು. ಇವತ್ತು ಹೆಸರು ಕೇಳಿಯೇ ಕೇಳುತ್ತೇನೆ!

ಎರಡಕ್ಕೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಆಗಿದ್ದು ಅವರಿಗೆ ತಿಳಿಯಲಿಲ್ಲ. ಇನ್‌ಸ್ಪೆಕ್ಟರು ಐವರನ್ನೂ ಸಾಲಾಗಿ ನಿಲ್ಲಿಸುತ್ತಿದ್ದ. ಆಗ ದಬದಬ ಬಾಗಿಲು ಬಡಿಯಿತು. 'ವಾಹ್, ಏನ್ ಸೌಂಡ್!' ಎಂದು ರಾಮಲಿಂಗಪ್ಪನವರು ತಲೆದೂಗಿದರು. ಇನ್ನೂ ಜೋರಾಗಿ ಬಡಿಯಿತು. ಖುಷಿಯಿಂದ ತೊಡೆ ತಟ್ಟಿದರು. ಮೂರನೆಯ ಸಲಕ್ಕೆ ಬಾಗಿಲೇ ತೆರೆದುಕೊಂಡು ಬಾಳಕೃಷ್ಣರಾಯರು ಸೊಸೈಟಿಯ ರಜಿಸ್ಟರ್ ಸಮೇತ ಒಳನುಗ್ಗಿದರು.

"ಮೊದಲ ಇದನ್ನ ನಿಂದ್ರಸ್ರಿ!"

ಇನ್‌ಸ್ಪೆಕ್ಟರು ತೆರೆದ ಬಾಯಿ ತೆರೆದಂತೆಯೇ ನಿಂತ.

ಪಡಸಾಲೆಯಲ್ಲಿ ಅರ್ಧ ಸೊಸೈಟಿ ಸೇರಿತ್ತು. ಮೇಲೆ ಭಜನೆಗೆಂದು ಹೊರಟಿದ್ದ ಮಂಡಳಿಯೂ ತಾಳ ಹಿಡಿದು ಬಂದು ನಿಂತಿತ್ತು. ಎಲ್ಲರಿಗಿಂತ ಜೋರು ಶಿವರುದ್ರಪ್ಪನವರದು: "ಧರ್ಮಾ ಉಳೀತೇನ್ರಿ? ತತ್ತೀ ಹೆಸರ ಕೇಳಿದರ ನನಗ ವಾಂತಿ ಬರ್ತದ!"

ರಾಮಲಿಂಗಪ್ಪನವರಿಗೆ ಸಿಟ್ಟು ನೆತ್ತಿಗೇರಿತು. "ಕೋಳೀನೂ ಇಲ್ಲ, ತತ್ತೀನೂ ಇಲ್ಲ! ಸದ್ದ ತಡ್ಯಾಕ ಹಚ್ಚೀನಿ. ಒಳಗಿನ ಸದ್ದ ಹೊರಗ ಹೋಗೂದಿಲ್ಲ, ಹೊರಗಿಂದ ಒಳಗ ಬರೂದಿಲ್ಲ. ಪೇಪರಿನಾಗ ಬಂದದ, ನೋಡ್ರಿ!"

"ಪೇಪರ್ ಬ್ಯಾಡ. ಪುರಾವಾ ಬೇಕು," ಎಂದರು ಬಾಳಕೃಷ್ಣರಾಯರು.

"ಹಂಗಾರ ಮಂಡಳೀನ ಒಳಗ ಕೂಡ್ರಿಸಿ ಭಜನಿ ಮಾಡಸ್ರಿ. ಹೊರಗ ಕೇಳಿಸಿದರ ಇವತ್ತ ಸಂಜೀಕ ಟ್ರೇ ಎಲ್ಲಾ ಕಿತ್ತ ಒಗೀತೀನಿ!"

ಕೃಷ್ಣಾಬಾಯಿಯವರು ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡರು. ಭೀಮವ್ವ ಅವರ ಕೈ ಹಿಡಿದು, "ಬರ್ರಿ, ಎಲ್ಲಾದಕ್ಕೂ ವಿಭೂತಿ ಹಚ್ಚೀನಿ," ಎಂದು ಒಳಗೆ ಕರೆದುಕೊಂಡು ಹೋದಳು. ಉಳಿದವರೂ ಹೋದರು. ಹಾರ್ಮೋನಿಯಂ ಹೋಯಿತು. ಬಾಗಿಲು ಮುಚ್ಚಿತು.

ಒಂದು ನಿಮಿಷ. ಎರಡು. ಐದು. ಸದ್ದಿಲ್ಲ.

ಶಿವರುದ್ರಪ್ಪನವರು ಬಾಗಿಲಿಗೆ ಕಿವಿ ಹಚ್ಚಿ, ತೆಗೆದು, ಇನ್ನೊಂದು ಕಿವಿ ಹಚ್ಚಿದರು. "ಏನೂ ಇಲ್ಲರಿ! ಒಂಬತ್ತ ಜೋಡಿ ತಾಳ, ಒಂದೂ ಕೇಳವೊಲ್ಲದು!"

ರಾಮಲಿಂಗಪ್ಪನವರಿಗೇ ಆಶ್ಚರ್ಯ. ಇಷ್ಟು ಚೆನ್ನಾಗಿ ಆಗಿರುತ್ತದೆಂದು ಅವರೂ ಎಣಿಸಿರಲಿಲ್ಲ. ಎದೆ ಉಬ್ಬಿಸಿ ಬಾಳಕೃಷ್ಣರಾಯರ ಕಡೆ ನೋಡಿದರೆ ಅವರ ಕಣ್ಣಲ್ಲಿ ನೀರು! ಕೃಷ್ಣಾಬಾಯಿಯವರ ಎದುರು ಬಾಗಿಲೇ ಅವರ ಮನೆ. ಹನ್ನೆರಡು ವರ್ಷದಿಂದ ಅವರು ಭಾನುವಾರ ಮಧ್ಯಾಹ್ನ ಕಣ್ಣು ಮುಚ್ಚಿದ್ದಿಲ್ಲ.

"ರಾಮಲಿಂಗಪ್ಪ, ನೀವು ದೇವರಂಥವರು," ಎಂದು ಬಾಳಕೃಷ್ಣರಾಯರು ಸರಸರ ಬರೆಯತೊಡಗಿದರು. ಬರೆದದ್ದನ್ನು ಓದಿದರು: "ಠರಾವು. ಸದರಿ ಟ್ರೇಗಳು ಶುದ್ಧ ಶಾಕಾಹಾರಿ ಇರುತ್ತವೆ. ಸದರಿ ಕೋಣೆಯಿಂದ ಸದ್ದು ಬಾರದ ಕಾರಣ, ಇನ್ನು ಮುಂದೆ ಭಜನಾ ಮಂಡಳಿಯು ಪ್ರತಿ ಭಾನುವಾರ ಇಲ್ಲೇ ಕೂಡತಕ್ಕದ್ದು. ಮಂಡಳಿಯು ಸೇರಲಿರುವ ಸಾಸವಡ ಊರಿನ ಭಜನಾ ಸ್ಪರ್ಧೆ ಮುಗಿಯುವ ತನಕ ದಿನಾಲೂ ಸಂಜೆ ಕೂಡತಕ್ಕದ್ದು."

"ಅದು ನನ್ನ ಥೇಟರ್ರಿ!"

"ಹಂಗಾರ ಟ್ರೇ ಕೀಳ್ರಿ. ಕೋಳೀ ವಿಚಾರಾನೂ ಮತ್ತ ತಗೀಬೇಕಾಗ್ತದ."

ರಾಮಲಿಂಗಪ್ಪನವರು ಗಡಿಯಾರ ನೋಡಿದರು. ಎರಡೂಕಾಲು. ಪರೀಕ್ಷೆ ಮುಗಿಯಿತಲ್ಲ, ಈಗ ಇವರನ್ನೆಲ್ಲ ಎಬ್ಬಿಸಿ ಕಳಿಸಿದರೆ ಐದರ ಒಳಗೆ ಹೆಸರು ಕೇಳಬಹುದು. ಮುಂದಿನ ಭಾನುವಾರದ ಮಾತು ಮುಂದೆ. ಹಾಳಾಗಲಿ ಎಂದು ಸಹಿ ಹಾಕಿದರು.

ಪೆನ್ನು ಕೆಳಗಿಟ್ಟರು. ಝಣ್!

ಒಂಬತ್ತು ಜೋಡಿ ತಾಳ ಒಟ್ಟಿಗೆ ಬಿದ್ದವು. ಹಾರ್ಮೋನಿಯಂ ಅರಚಿತು. ಶೋಕೇಸಿನ ಕಪ್ಪು-ಬಶಿಗಳು ನಡುಗಿದವು. ಬಾಗಿಲಿಗೆ ಕಿವಿ ಹಚ್ಚಿದ್ದ ಶಿವರುದ್ರಪ್ಪನವರು ಎರಡು ಹೆಜ್ಜೆ ಹಿಂದಕ್ಕೆ ಹಾರಿದರು.

"ಇದೇನ ಇದು?" ಎಂದು ರಾಮಲಿಂಗಪ್ಪನವರು ಕಿರುಚಿದರು.

ಅಂಬಾ ಹತ್ತಿರ ಬಂದು ಕಿವಿಯಲ್ಲಿ ಹೇಳಿದಳು: "ಕೂತ ಕೂಡ್ಲೆ ಹತ್ತ ನಿಮಿಷ ಮನಸಿನಾಗ ಜಪಾ ಮಾಡ್ತಾರ. ಆಮ್ಯಾಲ ತಾಳ ಹಿಡೀತಾರ. ಪ್ರತೀ ಸಲಾನೂ ಹಂಗ."

"ಮೊದಲ ಹೇಳಬಾರದೇನ?"

"ನೀವು ಕೇಳಿದ್ರೇನು?"

ರಾಮಲಿಂಗಪ್ಪನವರು ಕಿಸೆಯಿಂದ ಪೇಪರಿನ ತುಣುಕು ತೆಗೆದರು. ಮಡಿಕೆಯಲ್ಲಿ ಸವೆದ ಕೊನೆಯ ಸಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲ ಸಲ ಓದಿದರು: 'ಟ್ರೇಗಳಿಂದ ಕೋಣೆಯೊಳಗಿನ ಧ್ವನಿ ಸ್ವಚ್ಛವಾಗುತ್ತದೆ ಅಷ್ಟೇ, ಸದ್ದು ಒಳಗೆ ಹೊರಗೆ ಹೋಗುವುದನ್ನು ಅವು ತಡೆಯುವುದಿಲ್ಲ.'

"ರಾಯರ, ಠರಾವು ಹರೀರಿ! ಟ್ರೇ ಈಗಿಂದೀಗ ಕೀಳ್ತೀನಿ!"

ಬಾಳಕೃಷ್ಣರಾಯರು ರಜಿಸ್ಟರನ್ನು ಕಂಕುಳಲ್ಲಿ ಭದ್ರ ಮಾಡಿಕೊಂಡರು. "ಸಹಿ ಆದ ಮ್ಯಾಲ ನನ್ನ ಕೈಯಾಗಿಲ್ಲರಿ! ಮುಂದಿನ ವರ್ಷದ ಜನರಲ್ ಮೀಟಿಂಗಿನಾಗ ಇಡೂಣು!"

ಕೋಣೆಯ ಬಾಗಿಲು ಅರೆ ತೆರೆಯಿತು. ಕೃಷ್ಣಾಬಾಯಿಯವರ ನಗುಮುಖ ಕಂಡಿತು. "ಎಷ್ಟ ಚೊಲೋ ಕೇಳಸ್ತದ್ರಿ ಇಲ್ಲೆ! ಒಂದೊಂದ ತಾಳ ಬಿಡಿಸಿ ಬಿಡಿಸಿ! ಠರಾವೂ ಒಳಗ ಕೇಳಿಸ್ತು, ನಾಳೆ ಐದಕ್ಕ ಬರ್ತೀವಿ!" ಬಾಗಿಲು ಮುಚ್ಚಿತು. ಮುಚ್ಚಿದ್ದರಿಂದ ಏನೂ ವ್ಯತ್ಯಾಸವಾಗಲಿಲ್ಲ.

ಜನ ಚೆದುರಿದರು. ಹನ್ನೆರಡು ವರ್ಷದ ನಿದ್ದೆ ಮಾಡಲು ಹೊರಟ ಬಾಳಕೃಷ್ಣರಾಯರ ಕಣ್ಣು ಟೀಪಾಯಿಯ ಮೇಲಿನ ಡಿವಿಡಿಯ ಡಬ್ಬಿಯ ಮೇಲೆ ಬಿತ್ತು. ಎತ್ತಿಕೊಂಡು ನೋಡಿದರು. ಮುಖ ಅರಳಿತು. ಏನೋ ಹೇಳಿದರು.

"ಏನ್ರಿ?" ಎಂದರು ರಾಮಲಿಂಗಪ್ಪನವರು. "ಕೇಳವೊಲ್ಲದು!"

ಬಾಳಕೃಷ್ಣರಾಯರು ಇನ್ನೊಂದು ಸಲ ಹೇಳಿದರು. ಅದೂ ತಾಳದಲ್ಲಿ ಮುಳುಗಿತು. ಕೊನೆಗೆ ಆ ಪುಣ್ಯಾತ್ಮರು ಹತ್ತಿರ ಬಂದು, ರಾಮಲಿಂಗಪ್ಪನವರ ಕಿವಿಯ ಸುತ್ತ ಎರಡೂ ಕೈ ಕಟ್ಟಿ, ಶಕ್ತಿಯೆಲ್ಲ ಹಾಕಿ ಕೂಗಿದರು. ನಾಲ್ಕು ಭಾನುವಾರ, ಇನ್ನೂರು ಟ್ರೇ, ಎರಡು ಸ್ನಾನದ ನಂತರ ಅವರಿಗೆ ಸ್ಪಷ್ಟವಾಗಿ ಕೇಳಿಸಿದ ಮಾತು ಅದೊಂದೇ.

"ಛಲೋ ಪಿಕ್ಚರ್ರಿ, ತಪ್ಪದ ನೋಡ್ರಿ! ಖೂನಿ ಮಾಡಿದಾಂವ ಆ ಅಡಿಗಿಯವಾ! ತತ್ತಿಯೊಳಗ ವಿಷಾ ಹಾಕಿರ್ತಾನ!"