ವಿಮಾನದಲ್ಲಿ ನಾನು, ಬಸ್ಸಿನಲ್ಲಿ ನನ್ನ ಸೀರೆ ಗಂಟು

ವಿಮಾನದಲ್ಲಿ ಹೋಗುವುದಕ್ಕಿಂತ, ವಿಮಾನದಲ್ಲಿ ಹೋಗುತ್ತೇನೆಂದು ಊರೆಲ್ಲ ಹೇಳಿಕೊಂಡು ತಿರುಗುವುದರಲ್ಲಿ ಸುಖ ಹೆಚ್ಚು. ಅನುಭವದ ಮಾತು ಹೇಳುತ್ತಿದ್ದೇನೆ. ದೇವನಹಳ್ಳಿಗೇ ವಿಮಾನ ನಿಲ್ದಾಣ ಬರುತ್ತದಂತೆ ಎಂದು ಈಗೀಗ ಸುದ್ದಿ ಹಬ್ಬಿದೆ. ಅಲ್ಲೇ ಹತ್ತಿರದ ಕುಂದಾಣದ ಕಡೆಯ ನಮ್ಮ ನೆಂಟರು ಹೊಲದಲ್ಲಿ ಕಳೆ ಕೀಳುವುದು ಬಿಟ್ಟು ಈಗಲೇ ಆಕಾಶ ನೋಡಲು ಶುರುಮಾಡಿದ್ದಾರೆ. ಅವರಿಗೆಲ್ಲ ಒಂದು ಬುದ್ಧಿಮಾತು ಹೇಳುವ ಅರ್ಹತೆ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ನನಗೊಬ್ಬನಿಗೇ ಇದೆ ಎಂದು ನಾನು ನಂಬಿದ್ದೇನೆ. ನನ್ನ ಹೆಂಡತಿ ಸರೋಜ ನಂಬಿಲ್ಲ.

ನನ್ನದು ನಾಲ್ಕು ಮಗ್ಗದ ಸೀರೆ ವ್ಯಾಪಾರ. ಎದುರು ಮನೆಯ ಮುನಿಕೃಷ್ಣನದೂ ನಾಲ್ಕೇ ಮಗ್ಗ. ಚಿಕ್ಕಂದಿನಿಂದ ಒಂದೇ ಬೀದಿಯಲ್ಲಿ ಗೋಲಿ ಆಡಿದವರು. ಈಗ ಗಿರಾಕಿಗಳಿಗಾಗಿ ಆಡುತ್ತೇವೆ. ಇಬ್ಬರಿಗೂ ದೊಡ್ಡ ಗಿರಾಕಿ ಒಬ್ಬರೇ, ಕರಾವಳಿಯ ಒಂದು ಮೂಲೆಯಲ್ಲಿ ಹೊಳೆಯಾಚೆಗಿರುವ ಊರಿನ ಪೈಗಳು. ಊರಿನ ಹೆಸರು ಹೇಳುವುದಿಲ್ಲ, ನನ್ನಂಥ ವ್ಯಾಪಾರಿಗಳು ಇದನ್ನು ಓದುವ ಅಪಾಯವಿದೆ. ಪೈಗಳು ದೀಪಾವಳಿಯ ಸೀರೆಗಳನ್ನು ವರ್ಷಕ್ಕೊಂದು ದಿನ ಗೊತ್ತುಮಾಡಿ ಆರಿಸುತ್ತಾರೆ. ಮೊದಲು ಕಣ್ಣಿಗೆ ಬಿದ್ದ ಗಂಟಿನಿಂದಲೇ ಹೆಚ್ಚು ಆರಿಸುವುದು ಅವರ ರೂಢಿ. ಮಧ್ಯಾಹ್ನದ ಊಟದೊಳಗೆ ಆರಿಸಿದ್ದೇ ಆರಿಸಿದ್ದು. ಉಂಡ ಮೇಲೆ ಸಾಕ್ಷಾತ್ ಲಕ್ಷ್ಮಿಯೇ ಸೀರೆ ಹೊತ್ತು ಬಂದರೂ ತಿರುಗಿ ನೋಡುವವರಲ್ಲ. ಆ ಆರ್ಡರು ಸಿಕ್ಕರೆ ಹಬ್ಬದವರೆಗೆ ನನ್ನ ಮಗ್ಗಗಳ ಸದ್ದು ನಿಲ್ಲುವುದಿಲ್ಲ. ಸಿಗದಿದ್ದರೆ ಎರಡು ಮಗ್ಗ ನಿಲ್ಲಿಸಿ, ಇಬ್ಬರು ನೇಕಾರರಿಗೆ ಬೇರೆ ಕಡೆ ಕೆಲಸ ನೋಡಿಕೊಳ್ಳಿ ಎಂದು ನನ್ನ ಬಾಯಿಂದಲೇ ಹೇಳಬೇಕು.

ಪ್ರತಿ ವರ್ಷ ಇಬ್ಬರೂ ಒಂದೇ ರಾತ್ರಿ ಬಸ್ಸಿನಲ್ಲಿ ಹೋಗಿ, ಘಾಟಿಯಲ್ಲಿ ಒಬ್ಬರ ಹೆಗಲ ಮೇಲೊಬ್ಬರು ತೂಕಡಿಸಿ, ಅಂಗಡಿಯಲ್ಲಿ ಪ್ರತಿಸ್ಪರ್ಧಿಗಳಾಗುತ್ತಿದ್ದೆವು. ಕೆಲವು ವರ್ಷಗಳ ಹಿಂದೆ ಒಂದು ಸಲ ನನಗೊಂದು ಯೋಚನೆ ಹೊಳೆಯಿತು. ಬೆಳಗಿನ ವಿಮಾನದಲ್ಲಿ ಮಂಗಳೂರಿಗೆ ಹಾರಿ, ಮುನಿಕೃಷ್ಣ ಕಣ್ಣುಜ್ಜಿಕೊಂಡು ಬರುವಷ್ಟರಲ್ಲಿ ಪೈಗಳ ಎದುರು ಇಸ್ತ್ರಿ ಶರ್ಟಿನಲ್ಲಿ ಚಹಾ ಕುಡಿಯುತ್ತಾ ಕೂತಿರಬೇಕು! ಟಿಕೆಟ್ಟು ತೆಗೆಸಿದೆ, ಹೊಸ ಸೂಟ್‌ಕೇಸು ಕೊಂಡೆ. ತೊಡಕಾದದ್ದು ಮಾದರಿ ಸೀರೆಗಳ ಗೋಣಿ ಗಂಟು. ಅದನ್ನು ಹೆಗಲ ಮೇಲೆ ಹೊತ್ತು ವಿಮಾನ ಹತ್ತಿದರೆ ನನ್ನ ಮರ್ಯಾದೆ ಏನಾಗಬೇಕು? ಉಪಾಯ ಎದುರು ಮನೆಯಲ್ಲೇ ಇತ್ತು.

“ಮುನಿಕೃಷ್ಣ, ಹೆಂಗೂ ಬಸ್ಸಲ್ಲಿ ಹೋಗ್ತೀಯ. ನನ್ ಗಂಟೂ ಹಾಕ್ಕೊಂಡ್ ಬಾರೋ” ಅಂದೆ.

“ಅದಕ್ಕೇನ್ ಗುರು, ತಗೊಂಡ್ ಬರ್ತೀನಿ ಬಿಡು. ನೀನು ಹುಷಾರಾಗಿ ಹಾರು” ಅಂದ.

ಸರೋಜ ಒಳಗಿನಿಂದಲೇ ಕೇಳಿದಳು: “ಅಲ್ರೀ, ಸೀರೆ ಅವರ ಹತ್ರ. ನೀವು ಮುಂಚೆ ಹೋಗಿ ಪೈಗಳಿಗೆ ಏನ್ ತೋರಿಸ್ತೀರ? ಟಿಕೆಟ್ಟಾ?”

ಒಳ್ಳೆಯ ಕೆಲಸಕ್ಕೆ ಹೊರಟಾಗ ಹೆಂಗಸರು ಅಡ್ಡ ಮಾತಾಡಬಾರದು ಎಂದು ಗದರಿದೆ. ಉತ್ತರ ಹೊಳೆಯದಿದ್ದಾಗ ನಾನು ಹೇಳುವುದು ಅದನ್ನೇ.

ತಮಾಷೆ ಏನೆಂದರೆ, ಹಿಂದಿನ ಸಂಜೆ ದೊಡ್ಡಬಳ್ಳಾಪುರದಿಂದ ಇಬ್ಬರೂ ಹೊರಟದ್ದು ಒಂದೇ ಬಸ್ಸಿನಲ್ಲಿ. ವಿಮಾನ ನಿಲ್ದಾಣ ಇರುವುದು ಬೆಂಗಳೂರಿನ ಆಚೆ ತುದಿಯಲ್ಲಿ. ಬೆಳಗಾಗುವ ಮೊದಲೇ ಅಲ್ಲಿರಬೇಕಾದರೆ ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಮಲಗಬೇಕಿತ್ತು. ಮೆಜೆಸ್ಟಿಕ್ಕಿನಲ್ಲಿ ಮುನಿಕೃಷ್ಣ ಎರಡೂ ಗಂಟು ಕರಾವಳಿಯ ರಾತ್ರಿ ಬಸ್ಸಿನ ಮೇಲೆ ಹಾಕಿಸಿ ಕೈ ಬೀಸಿದ. ನಾನು ಮಹಾರಾಜರ ಠೀವಿಯಲ್ಲಿ ಸೂಟ್‌ಕೇಸು ಎತ್ತಿ ತೋರಿಸಿದೆ. ಅದರಲ್ಲಿ ಇದ್ದದ್ದು ಒಂದು ಟವೆಲು ಮತ್ತು ಸರೋಜ ಕಟ್ಟಿಕೊಟ್ಟ ಪುಳಿಯೋಗರೆ.

ಬೆಳಿಗ್ಗೆ ವಿಮಾನ ಸರಿಯಾಗೇ ಹೊರಟಿತು. ಕಿಟಕಿಯ ಪಕ್ಕದ ಸೀಟು. ಘಾಟಿ ದಾಟುವಾಗ, ಪಾಪ, ಮುನಿಕೃಷ್ಣ ರಾತ್ರಿಯೆಲ್ಲ ಇಲ್ಲಿ ಎಷ್ಟು ಕುಲುಕಿದನೋ ಎಂದು ಮರುಕಪಟ್ಟೆ. ಮಂಗಳೂರಿನ ಮೇಲೆ ಮಳೆಯೋ ಮಳೆ. ವಿಮಾನ ಗುಡ್ಡದ ಮೇಲೆ ಎರಡು ಪ್ರದಕ್ಷಿಣೆ ಹಾಕಿತು, ದೇವರ ದರ್ಶನವಾಗಲಿಲ್ಲ, ನಮ್ಮೆಲ್ಲರನ್ನೂ ಹೊತ್ತುಕೊಂಡು ಬೆಂಗಳೂರಿಗೇ ವಾಪಸ್ಸು ಬಂತು! ಹೊರಟ ಜಾಗದಲ್ಲೇ ಕೂತು ಪುಳಿಯೋಗರೆ ತಿಂದೆ. ಪೈಗಳ ಊಟದ ಹೊತ್ತು ಹತ್ತಿರವಾಗುತ್ತಿತ್ತು, ನನ್ನ ನೇಕಾರರಿಬ್ಬರ ಮುಖ ಕಣ್ಣ ಮುಂದೆ ಬರುತ್ತಿತ್ತು. ಮಧ್ಯಾಹ್ನ ಎರಡನೇ ಸಲ ಹೊರಟು ಅಂತೂ ಇಳಿದೆವು.

ಅಲ್ಲಿಂದ ಮುಂದೆ ನನ್ನ ಠೀವಿಯೆಲ್ಲ ಸಿಟಿ ಬಸ್ಸಿನ ಪಾಲಾಯಿತು. ಆಮೇಲೆ ಇನ್ನೊಂದು ಬಸ್ಸು. ವಿಮಾನದವರು ಸೂಟ್‌ಕೇಸಿಗೆ ಕಟ್ಟಿದ್ದ ಚೀಟಿಯನ್ನು ಬೇಕೆಂದೇ ಬಿಚ್ಚಿರಲಿಲ್ಲ, ಯಾರಾದರೂ ಕೇಳಲಿ ಎಂದು. ಮೀನಿನ ಬುಟ್ಟಿ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದ ಹೆಂಗಸು ಅದನ್ನೇ ನೋಡಿ ನೋಡಿ, “ಹೊಸತಾ? ಬೆಲೆಯ ಚೀಟಿ ತೆಗೀಲೇ ಇಲ್ಲ ನೀವು” ಅಂದಳು. ದೋಣಿಯಲ್ಲಿ ಹೊಳೆ ದಾಟುವಾಗ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.

ಅಂಗಡಿ ಮುಟ್ಟಿದಾಗ ಸಂಜೆ. ಮುನಿಕೃಷ್ಣ ಪೈಗಳ ಎದುರು ಚಹಾ ಕುಡಿಯುತ್ತಾ ಕೂತಿದ್ದ.

“ಎಂತ ಮಾರಾಯ್ರೆ, ಇಷ್ಟು ತಡ?” ಅಂದರು ಪೈಗಳು. “ನಿಮ್ಮ ಸೀರೆ ಬೆಳಿಗ್ಗೆಯೇ ನೋಡಿ ಆಯ್ತು. ಇವರು ನಿಮ್ಮ ಗಂಟನ್ನೇ ಮೊದಲು ಬಿಚ್ಚಿದ್ರು. ಹೋದ ಸಲದಷ್ಟೇ ಕಳಿಸಿ.”

ಹೊರಗೆ ಬಂದ ಮೇಲೆ, “ನಂದ್ಯಾಕೋ ಮೊದಲು ಬಿಚ್ಚಿದೆ?” ಎಂದು ಕೇಳಿದೆ. “ನಿನ್ ಗಂಟು ಮೇಲಿತ್ತು ಕಣೋ, ಅದಕ್ಕೆ” ಅಂದ. ಆಮೇಲೆ, ಇಡೀ ದಿನದಲ್ಲಿ ಯಾರೂ ಕೇಳದಿದ್ದುದನ್ನು ಅವನೇ ಕೇಳಿದ: “ವಿಮಾನ ಹೆಂಗಿತ್ತು, ಹೇಳು.” ವಾಪಸ್ಸು ಬರುವಾಗ ರಾತ್ರಿ ಬಸ್ಸಿನಲ್ಲಿ ಘಾಟಿ ಮುಗಿಯುವವರೆಗೆ ಹೇಳಿದೆ. ಕುಲುಕಾಟ ಗೊತ್ತೇ ಆಗಲಿಲ್ಲ.

ಮರುವರ್ಷ ಅವನೇ ನಮ್ಮ ಮನೆಗೆ ಬಂದ. “ಈ ಸಲ ನಾನೂ ವಿಮಾನದಲ್ಲಿ ಹೋಗ್ತೀನಿ ಗುರು.”

ನಾನು ಕೇಳಿದೆ: “ಲೇ, ಇಬ್ರೂ ವಿಮಾನ ಹತ್ತಿದ್ರೆ ಸೀರೆ ತರೋರು ಯಾರೋ?”

“ನೀನಿದೀಯಲ್ಲ. ಬಸ್ಸಲ್ಲಿ ಬಾ” ಎಂದು ಗಂಟನ್ನು ಜಗುಲಿಯ ಮೇಲಿಟ್ಟ. ಒಳಗೆ ಸರೋಜ ನಕ್ಕದ್ದು ಬೀದಿಗೇ ಕೇಳಿಸಿತು.

ಹೋದೆ. ಅವನ ವಿಮಾನ ಒಂದೇ ಸಲಕ್ಕೆ ಇಳಿದಿತ್ತು. ನಾನು ಮೈಕೈ ನೋಯಿಸಿಕೊಂಡು ಎರಡೆರಡು ಗಂಟು ಹೊತ್ತು ಒಳಗೆ ಕಾಲಿಟ್ಟಾಗ ಇಸ್ತ್ರಿ ಶರ್ಟಿನಲ್ಲಿ ಚಹಾ ಕುಡಿಯುತ್ತಿದ್ದ. ಅವನ ಗಂಟನ್ನೇ ಮೊದಲು ಬಿಚ್ಚಿದೆ. ಅದು ಮೇಲಿತ್ತು. ಬಸ್ಸಿನಿಂದ ಇಳಿಸಿದಾಗ ಕೆಳಗಿತ್ತು, ನಿಜ, ದೋಣಿಯಲ್ಲಿ ಮೇಲಕ್ಕಿಟ್ಟೆ. ಆದರೆ ಹಾಗೆ ಇಡಬೇಕೆಂದು ಮನಸ್ಸು ಗಟ್ಟಿಮಾಡಿಕೊಳ್ಳುವುದಕ್ಕೆ ನನಗೆ ಮೆಜೆಸ್ಟಿಕ್ಕಿನಿಂದ ಆ ಹೊಳೆಯವರೆಗೂ ಬೇಕಾಯಿತು. ವಿಮಾನದಲ್ಲಿ ಹೋಗಿದ್ದರೆ ಅಷ್ಟು ಸಮಯ ಎಲ್ಲಿ ಸಿಗುತ್ತಿತ್ತು ಹೇಳಿ!