ಬಾವನ ಇಂಗ್ಲಿಷ್ ಪರೀಕ್ಷೆ

ನಗಬಾರದ ಜಾಗದಲ್ಲೇ ನಗು ಉಕ್ಕುವುದು ನಮ್ಮ ಗಣಿಯೂರಿನಲ್ಲಿ ಹೊಸದೇನಲ್ಲ. ಹೆಣ ಹೊತ್ತವರು ನಗುತ್ತಾ ವಾಪಸಾದದ್ದನ್ನು ನಾನೇ ನೋಡಿದ್ದೇನೆ. ಬಾವ ಇಂಗ್ಲಿಷ್ ಪರೀಕ್ಷೆಗೆ ಕೂತ ವರ್ಷವಂತೂ ಇಂಥವು ಒಂದರ ಬೆನ್ನಿಗೊಂದು ನಡೆದವು.

ಬಾವ ಅಂದರೆ ನನ್ನ ಅಕ್ಕನ ಗಂಡ, ಕಾಮಸಮುದ್ರದ ಕಡೆಯವನು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೂ ಅವರಪ್ಪ ಸತ್ತ ಮೇಲೆ ಅವರ ಕೆಲಸಕ್ಕೇ ಗಣಿಗೆ ಇಳಿದಿದ್ದ. ವರ್ಷಗಟ್ಟಲೆ ಬಂಡೆ ಕೊರೆದು ಎದೆಯಲ್ಲಿ ಧೂಳು ಕೂತಿತ್ತು. ಅರವತ್ತರ ದಶಕದ ನಡುವೆ ಒಂದು ದಿನ ಡಾಕ್ಟರು, "ಬೇಗ ಮೇಲೆ ಬಂದುಬಿಡಪ್ಪ, ಇಲ್ಲದಿದ್ದರೆ ಕೆಳಗೇ ಉಳೀತೀಯ" ಅಂದರು. ಮೇಲೆ ಬರಬೇಕಾದರೆ ಆಫೀಸಿನ ಕೆಲಸ ಸಿಗಬೇಕು. ಅದು ಸಿಗಬೇಕಾದರೆ ಮೇಲ್ದರ್ಜೆಯ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ನಾನು ಅಕ್ಕನ ಮನೆಯಲ್ಲೇ ಇದ್ದುಕೊಂಡು ಅದೇ ಗಣಿಯ ಆಫೀಸಿನಲ್ಲಿ ಅಟೆಂಡರಾಗಿದ್ದೆ. ಗುಮಾಸ್ತನಾಗುವ ಆಸೆ ನನಗೂ ಇತ್ತು. ಇಬ್ಬರೂ ಒಟ್ಟಿಗೆ ಪರೀಕ್ಷೆ ಕಟ್ಟಿದೆವು.

ನಾಲ್ಕು ಜನ

ಪಾಠಕ್ಕೆ ರಾಬರ್ಟ್‌ಸನ್‌ಪೇಟೆಯಲ್ಲಿದ್ದ ಒಬ್ಬ ಆಂಗ್ಲೋ ಇಂಡಿಯನ್ ಟೀಚರ ಹತ್ತಿರ ಹೋದೆವು. ರಿಟೈರಾದವರು, ಊರಿಗೆಲ್ಲಾ 'ಮಿಸ್'. ಜಗುಲಿಯ ಮೇಲೆ ಬೆಂಚು ಹಾಕಿ ಸಂಜೆ ಪಾಠ ಹೇಳುತ್ತಿದ್ದರು.

ಪರೀಕ್ಷೆಯ ರೀತಿಯನ್ನು ಅವರೇ ಬಿಡಿಸಿ ಹೇಳಿದರು. ಒಂದು ಪುಟದಷ್ಟು ಪ್ಯಾಸೇಜು ಇರುತ್ತದೆ. ಅದನ್ನು ಓದಬೇಕು. ಕೆಳಗೆ ಪ್ರಶ್ನೆಗಳು. ಒಂದೊಂದು ಪ್ರಶ್ನೆಗೂ ನಾಲ್ಕು ಉತ್ತರ ಅಚ್ಚಾಗಿರುತ್ತದೆ, ಸರಿಯಾದದ್ದಕ್ಕೆ ಟಿಕ್ ಹಾಕಬೇಕು.

"ಉತ್ತರಾನೂ ಅವ್ರೇ ಕೊಟ್ಬುಡ್ತಾರಾ?" ಬಾವನ ಮುಖ ಅರಳಿತು.

"ಖುಷಿ ಪಡಬೇಡ ಮ್ಯಾನ್" ಅಂದರು ಮಿಸ್. "ನಾಲ್ಕು ಜನ ನಿನ್ನ ಮುಂದೆ ನಿಂತಿದಾರೆ ಅಂದ್ಕೋ. ಇಬ್ಬರು ಮೂರ್ಖರು, ಅವರನ್ನ ಮೊದಲು ಓಡಿಸು. ಒಬ್ಬ ಕಳ್ಳ. ಪ್ಯಾಸೇಜಿನ ಮಾತೇ ಆಡ್ತಾನೆ, ಆದ್ರೆ ನಡುವೆ ಒಂದು ಪದ ಬದಲಾಯಿಸಿರ್ತಾನೆ. ಉಳಿದ ಒಬ್ಬನೇ ಸಾಚಾ."

ಬಾವ ಗಂಭೀರವಾಗಿ ತಲೆಯಾಡಿಸಿದ. "ನಮ್ ಯೂನಿಯನ್ ಕಮಿಟೀಲೂ ನಾಲ್ಕೇ ಜನ ಮಿಸ್. ಮೂರು ಜನದ ಗುರ್ತು ಸಿಕ್ಕೈತೆ. ಆ ಕಡೇನೋನು ಯಾರು ಅಂತ್ಲೇ ತಿಳೀತಿಲ್ಲ."

ಯಾರೂ ಸಾಯದ ಪ್ಯಾಸೇಜು

ಮಿಸ್ ಹತ್ತಿರ ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಪೆಟ್ಟಿಗೆಯೇ ಇತ್ತು. ಯಾವುದನ್ನು ತೆಗೆದರೂ ಸಾವು. ಒಂದರಲ್ಲಿ ಹಡಗು ಮುಳುಗುತ್ತಿತ್ತು, ಇನ್ನೊಂದರಲ್ಲಿ ಊರಿಗೆ ಪ್ಲೇಗು ಬರುತ್ತಿತ್ತು. ಹಿಮದಲ್ಲಿ ಸಿಕ್ಕಿಕೊಂಡವರು ತಮ್ಮ ನಾಯಿಯನ್ನೇ ತಿನ್ನುವ ಪ್ಯಾಸೇಜು ಓದಿದ ದಿನ ಬಾವ ಮನೆಯಲ್ಲಿ ಊಟ ಬಿಟ್ಟ.

ಮಾರನೆಯ ದಿನ ಕೈ ಮುಗಿದು ಕೇಳಿಯೇಬಿಟ್ಟ. "ಮಿಸ್, ಹಗಲೆಲ್ಲಾ ನಾನು ಸಾವಿನ ಪಕ್ಕದಾಗೇ ಕೆಲ್ಸ ಮಾಡೋನು. ಯಾರೂ ಸಾಯ್ದೆ ಇರೋದು ಒಂದಾದ್ರೂ ಕೊಡಿ."

ಮಿಸ್‌ಗೆ ಪಾಪ ಅನ್ನಿಸಿತು. ಪೆಟ್ಟಿಗೆಯನ್ನೆಲ್ಲಾ ಜಾಲಾಡಿ ಜೇನುಹುಳದ ಬಗ್ಗೆ ಇದ್ದ ಒಂದು ಹಾಳೆ ಕೊಟ್ಟರು. ಹೂವು, ತೋಟ, ಎಳೆ ಬಿಸಿಲು. ಬಾವ ನಗುಮುಖದಿಂದ ಓದುತ್ತಾ ಹೋದ. ಕಡೆಯ ಸಾಲಿಗೆ ಬಂದವನು ಹಾಳೆಯನ್ನು ಮೆಲ್ಲಗೆ ಮಡಿಸಿ ಕೆಳಗಿಟ್ಟ.

"ಏನಾಯ್ತು ಬಾವ?"

"ರಾಣಿ ಓಗ್ಬುಟ್ಲು ಕಣ್ಲಾ."

ಒಸಿ ಕುಡ್ದು ಮನಿಕ್ಕ

ಒಂದು ಸಂಜೆ ಓದುತ್ತಾ ಕೂತಿದ್ದಾಗ ಭೂಮಿಯೊಳಗೆ ಯಾರೋ ದೊಡ್ಡ ಬಾಗಿಲನ್ನು ಧಡಾರನೆ ಬಡಿದಂತಾಯಿತು. ಜಗುಲಿ ಅದುರಿ ಮಿಸ್ ಕೈಲಿದ್ದ ಟೀ ಚೆಲ್ಲಿತು. ಆಳದಲ್ಲಿ ಬಂಡೆ ಸಿಡಿದಿತ್ತು. ಬಾವನಿಗೆ ಅವತ್ತು ಬೆಳಗಿನ ಪಾಳಿ ಮುಗಿದಿತ್ತು, ಅದೇ ಪುಣ್ಯ. ಇಬ್ಬರೂ ಗಣಿಯ ಬಾಯಿಗೆ ಓಡಿದೆವು.

ಗಣಿ ಕೆಲಸಗಾರರ ಲೈನ್ ಮನೆಗಳ ಹೆಂಗಸರೆಲ್ಲಾ ಅಲ್ಲಿ ಸೇರಿದ್ದರು. ನಮ್ಮ ಪಕ್ಕದ ಮನೆಯವಳು ಎದೆ ಬಡಿದುಕೊಂಡು ಅಳುತ್ತಿದ್ದಳು. ಅವಳ ಗಂಡನದು ಅದೇ ಪಾಳಿ. ಕುಡಿದು ಬಿದ್ದಿದ್ದವನನ್ನು ಮಧ್ಯಾಹ್ನ ಅವಳೇ ಪೊರಕೆಯಲ್ಲಿ ಹೊಡೆದು ಕೆಲಸಕ್ಕೆ ಅಟ್ಟಿದ್ದಳಂತೆ. "ನಾನೇ ಕೊಂದ್ನಲ್ಲಪ್ಪೋ" ಅಂತ ಗೋಳಾಡುತ್ತಿದ್ದಳು.

ಕತ್ತಲಾಗುವ ಹೊತ್ತಿಗೆ ಇಬ್ಬರನ್ನು ಕಂಬಳಿ ಹೊದಿಸಿ ಮೇಲೆ ತಂದರು. ಇವಳ ಗಂಡ ಅವರಲ್ಲಿ ಇರಲಿಲ್ಲ. ಬದುಕಿ ಬಂದವರಲ್ಲೂ ಇರಲಿಲ್ಲ. ಆಮೇಲೆ ನೋಡಿದರೆ ಆಂಡರ್ಸನ್‌ಪೇಟೆಯ ರಸ್ತೆಯಲ್ಲಿ ತೂರಾಡುತ್ತಾ ಬರುತ್ತಿದ್ದಾನೆ! ಪೊರಕೆ ಏಟು ತಿಂದವನು ಗಣಿಗೆ ಹೋಗದೆ ಗೆಳೆಯನ ಮನೆಯಲ್ಲಿ ಇನ್ನಷ್ಟು ಕುಡಿದು ಮಲಗಿಬಿಟ್ಟಿದ್ದ. ಅವಳು ಅಷ್ಟು ಜನರ ಮುಂದೆಯೇ ಅವನ ಕಾಲಿಗೆ ಬಿದ್ದಳು.

ಮುಂದಿನ ವಾರ ಅವನು ಒಳ್ಳೆಯವನಾಗಿ ಸ್ನಾನ ಮಾಡಿ ಪಾಳಿಗೆ ಹೊರಟರೆ, ಅವಳೇ ಬಾಗಿಲಿಗೆ ಅಡ್ಡ ನಿಂತು, "ಇವತ್ತೊಂದಿನ ಒಸಿ ಕುಡ್ದು ಮನಿಕ್ಕಬಾರ್ದಾ?" ಅಂದಳು.

ಅಕ್ಕನ ಪ್ರಶ್ನೆ

ನಾವು ಮನೆಯಲ್ಲೂ ಟಿಕ್ಕು, ಸಾಚಾ, ಕಳ್ಳ ಅಂತಲೇ ಮಾತಾಡುತ್ತಿದ್ದೆವು. ಕೇಳಿ ಕೇಳಿ ಅಕ್ಕನಿಗೂ ರೂಢಿಯಾಯಿತು. ರೇಷನ್ ಅಂಗಡಿಯಲ್ಲಿ ಅಕ್ಕಿ ಬಾರದ ದಿನಗಳು ಅವು. ಒಂದು ದಿನ ಹಸಿದು ಬಂದು ತಟ್ಟೆ ಮುಂದೆ ಕೂತೆವು.

ಅಕ್ಕ ಸೊಂಟಕ್ಕೆ ಕೈಯಿಟ್ಟು ಕೇಳಿದಳು. "ಮುದ್ದೆ ಇಕ್ಲಾ, ಅನ್ನ ಇಕ್ಲಾ, ಎರಡೂ ಇಕ್ಲಾ, ಯಾವ್ದೂ ಬ್ಯಾಡ್ವಾ?"

"ಎರಡೂ" ಅಂದೆ ನಾನು ಆಸೆಯಿಂದ.

"ತಪ್ಪು" ಅಂದವಳೇ ನೀರಿನ ಚೊಂಬು ತಂದಿಟ್ಟಳು.

ಡಾಕ್ಟರ ಉತ್ತರ

ಪರೀಕ್ಷೆ ಹತ್ತಿರ ಬಂದಾಗ ಬಾವನ ಕೆಮ್ಮಿನಲ್ಲಿ ರಕ್ತ ಕಾಣಿಸಿತು. ಅದೇ ವಾರ ಮಿಸ್ ಒಂದು ಹೊಸ ವಿಷಯ ಹೇಳಿಕೊಟ್ಟಿದ್ದರು. ಕೆಲವು ಪ್ರಶ್ನೆಗಳಿಗೆ ನಾಲ್ಕನೆಯ ಉತ್ತರವಾಗಿ, 'ಪ್ಯಾಸೇಜಿನಿಂದ ಇದನ್ನು ಹೇಳಲು ಬರುವುದಿಲ್ಲ' ಅಂತ ಕೊಟ್ಟಿರುತ್ತಾರೆ, ಧೈರ್ಯವಿದ್ದವರು ಮಾತ್ರ ಅದಕ್ಕೆ ಟಿಕ್ ಹಾಕುತ್ತಾರೆ ಅಂತ.

ಬಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆಯ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನನ್ನನ್ನು ಹೊರಗೆ ಕಳಿಸಿದರು. ಬಾಗಿಲ ಹೊರಗೆ ನಿಂತು ನಾನು ನೆನೆಯದ ದೇವರಿಲ್ಲ.

ಬಾವ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಬಂದ. "ಇನ್ನೆಷ್ಟು ದಿನ ಇರ್ತೀನಿ ಅಂತ ನೇರವಾಗಿ ಕೇಳ್ದೆ ಕಣ್ಲಾ."

"ಏನಂದ್ರು?"

"ಫೋಟೋ ಎರಡು ಸಲ ಓದಿ, ಹೇಳಕ್ಕಾಗಲ್ಲ ಅಂದ್ರು. ಧೈರ್ಯಸ್ಥ. ನಾಲ್ಕನೇದಕ್ಕೇ ಟಿಕ್ ಹಾಕ್ಬುಟ್ಟ."

ಅಳಬೇಕಾದ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಕ್ಕೆ. ಅಳು ಆಮೇಲೆ ಬಂತು.

ಬಂಗಾರಪೇಟೆಯಲ್ಲಿ

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ಬಾವ ಪಾಸಾದ, ನಾನು ಫೇಲಾದೆ. ಅವನಿಗೆ ಗಣಿಯ ಉಗ್ರಾಣದಲ್ಲಿ ಗುಮಾಸ್ತಿಕೆ ಸಿಕ್ಕಿತು. ಬಿಸಿಲು, ಗಾಳಿ ಕಂಡುಕೊಂಡು ಕೆಲವು ವರ್ಷ ಬದುಕಿದ. ಮಗಳ ಮದುವೆ ಮಾಡಿದ. ಆಮೇಲೆ ಎದೆಯ ಧೂಳು ಬಿಡಲಿಲ್ಲ. ಆದರೂ ಆ ಪರೀಕ್ಷೆಯ ದಿನದ ಮಾತು ಬಂದರೆ ಅಕ್ಕ ಈಗಲೂ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಾಳೆ.

ಪರೀಕ್ಷೆ ನಡೆದದ್ದು ಬಂಗಾರಪೇಟೆಯ ಒಂದು ಶಾಲೆಯಲ್ಲಿ. ಬೆಳಗಿನ ರೈಲಿಗೆ ಹೋದೆವು. ಸುತ್ತಲಿನ ಊರುಗಳಿಂದ ಬಂದವರಿಂದ ಹಾಲ್ ತುಂಬಿತ್ತು. ಬಾವ ಮುಂದಿನ ಬೆಂಚಿನಲ್ಲಿ, ನಾನು ಹಿಂದೆ. ಪ್ಯಾಸೇಜು ಓದುವ ತನಕ ಬಾವ ಹೇಗೋ ತಡೆದುಕೊಂಡ. ಟಿಕ್ ಹಾಕಲು ಶುರು ಮಾಡಿದ ಕೂಡಲೇ ಕೆಮ್ಮು ಬಂತು. ಒಂದು ಸಲ. ಸ್ವಲ್ಪ ಹೊತ್ತು ಬಿಟ್ಟು ಮೂರು ಸಲ. ಮತ್ತೆ ಎರಡು ಸಲ.

ಮೇಲ್ವಿಚಾರಕರು ಧಾವಿಸಿ ಬಂದರು. "ಏನ್ರೀ, ಯಾರಿಗೆ ಸನ್ನೆ ಕೊಡ್ತಿದೀರಿ? ಒಂದು ಸಲ ಕೆಮ್ಮಿದ್ರೆ ಒಂದನೇ ಉತ್ತರ, ಎರಡು ಸಲ ಕೆಮ್ಮಿದ್ರೆ ಎರಡನೇದು. ನನಗೆ ತಿಳಿಯಲ್ಲ ಅಂದ್ಕೊಂಡ್ರಾ?" ಅಂತ ಇಡೀ ಹಾಲಿಗೆ ಕೇಳುವಂತೆ ಗದರಿದರು.

ಬಾವ ಕರ್ಚೀಫು ಬಿಡಿಸಿ ತೋರಿಸಿದ. ಅದರ ಮೇಲಿದ್ದ ಕೆಂಪು ಕಲೆ ಕಂಡು ಆ ಮನುಷ್ಯನ ಮುಖ ಬಿಳಿಚಿಕೊಂಡಿತು. ತಾವೇ ಹೋಗಿ ನೀರು ತಂದುಕೊಟ್ಟು, "ಬರೀಯಪ್ಪ, ನಿಧಾನವಾಗಿ ಬರಿ" ಅಂದರು.

ಬಾವ ಬರೆದ, ಕೆಮ್ಮಿದ, ಬರೆದ. ಆದರೆ ಅವನು ಕೆಮ್ಮಿದಾಗಲೆಲ್ಲಾ ಹಾಲ್ ತುಂಬ ಪೆನ್ನುಗಳು ಸರಸರ ಅನ್ನುವುದು ನನಗೆ ಕೇಳಿಸುತ್ತಿತ್ತು. ಸನ್ನೆಯ ಗುಟ್ಟನ್ನು ಮೇಲ್ವಿಚಾರಕರೇ ಎಲ್ಲರಿಗೂ ಪಾಠ ಮಾಡಿಬಿಟ್ಟಿದ್ದರು! ಕೊನೆಯ ಪ್ರಶ್ನೆಯ ಹೊತ್ತಿಗೆ ಅವನ ಕೆಮ್ಮು ಕಟ್ಟೊಡೆದು ಬಂತು, ಬೇಗ ನಿಲ್ಲಲೇ ಇಲ್ಲ.

ಸಂಜೆ ರೈಲಿಗೆ ಕಾಯುತ್ತಾ ಪ್ಲಾಟ್‌ಫಾರಂ ಮೇಲೆ ಕೂತಿದ್ದೆವು. ಬಾವ ಸುಸ್ತಾಗಿ ನನ್ನ ಹೆಗಲಿಗೆ ಒರಗಿದ್ದ. ಪಂಚೆ ಉಟ್ಟ, ದಪ್ಪ ಮೀಸೆಯ ಒಬ್ಬ ಅಪರಿಚಿತ ಹುಡುಕಿಕೊಂಡು ಬಂದು ಎದುರಿಗೆ ನಿಂತ. ಅವನೂ ಪರೀಕ್ಷೆ ಬರೆದವನೇ. ಆರೋಗ್ಯ ವಿಚಾರಿಸಲು ಬಂದನೆಂದು ನಾನು ಜಾಗ ಬಿಟ್ಟೆ.

ಅವನು ಕೂರಲಿಲ್ಲ. ಅಳುವ ದನಿಯಲ್ಲಿ ಹೇಳಿದ. "ಅಣ್ಣಾ, ನಿನ್ನೇ ನಂಬಿ ಪೇಪರೆಲ್ಲಾ ಟಿಕ್ ಹಾಕಿವ್ನಿ. ಎಲ್ಲಾ ಸರಿಯಾಗೇ ಓಯ್ತು. ಆ ಕಡೇ ಪ್ರಶ್ನೆಗೆ ಒಂಬತ್ತು ಸಲ ಕೆಮ್ಮಿದ್ಯಲ್ಲಣ್ಣಾ, ಕೊಟ್ಟಿದ್ದೇ ನಾಲ್ಕು ಉತ್ತರ. ನಾನು ಯಾವ್ದಕ್ಕೆ ಹಾಕ್ಬೇಕಿತ್ತು?"