ಅಧ್ಯಕ್ಷರ ಸಕ್ಕರೆಯೂ ಊರಿನ ಸರಹದ್ದೂ

ಹರಳಖೇಡದ ಬಲ್ದಿಯಾ ಅಧ್ಯಕ್ಷರಾದ ಮನ್ಮಥಪ್ಪನವರ ಮೂತ್ರದಲ್ಲಿ ಸಕ್ಕರೆ ಇದೆ ಎಂಬ ಸಂಗತಿಯನ್ನು ಮೊಟ್ಟಮೊದಲು ಪತ್ತೆ ಹಚ್ಚಿದ್ದು ಇರುವೆಗಳು. ನಿಜಾಮರ ಆಳ್ವಿಕೆಯ ಕೊನೆಗಾಲದಿಂದಲೇ ಅವರ ಕಾಳಿನ ಅಂಗಡಿಯ ಹಿಂದಿನ ಮೋರಿಗೆ ಕಪ್ಪಿರುವೆಗಳು ಸಾಲುಗಟ್ಟಿ ಬರುತ್ತಿದ್ದವು. ಪೊಲೀಸ್ ಕಾರ್ಯಾಚರಣೆ ನಡೆಯಿತು, ಸರ್ಕಾರ ಬದಲಾಯಿತು, ಮುನಸಿಪಾಲಿಟಿ ಎಂಬ ಹೊಸ ಹಲಗೆ ಬಂತು. ಜನ ಅದನ್ನು ಬಲ್ದಿಯಾ ಎಂದೇ ಕರೆದರು, ಇರುವೆಗಳೂ ತಮ್ಮ ಸಾಲು ಬಿಡಲಿಲ್ಲ. ಬಲ್ದಿಯಾ ಈ ವಿಷಯವನ್ನು ಅತ್ಯಂತ ಗಂಭೀರವಾಗಿ ಪರಿಗಣಿಸಿ, ಸದರಿ ಮೋರಿಗೆ ಪ್ರತಿ ವಾರ ಇರುವೆ ಪುಡಿ ಹಾಕಿಸತಕ್ಕದ್ದೆಂದು ಠರಾವು ಪಾಸು ಮಾಡಿತು. ವರ್ಷಗಟ್ಟಲೆ ಇರುವೆಗಳಿಗೆ ಚಿಕಿತ್ಸೆ ನಡೆಯಿತು. ಮನ್ಮಥಪ್ಪನವರಿಗೆ ಯಾವ ಚಿಕಿತ್ಸೆಯೂ ನಡೆಯಲಿಲ್ಲ. ಠರಾವಿನಲ್ಲಿ ಅವರ ಹೆಸರಿರಲಿಲ್ಲ.

ಮನ್ಮಥಪ್ಪನವರು ಭಾರಿ ಆಳು. ಕೊರಳಲ್ಲಿ ಬೆಳ್ಳಿಯ ಲಿಂಗದ ಕರಡಿಗೆ, ಹಣೆಗೆ ಮೂರು ಬೆರಳಿನ ವಿಭೂತಿ, ಜುಬ್ಬದ ಕಿಸೆಯಲ್ಲಿ ಯಾವಾಗಲೂ ನಾಲ್ಕು ಪೇಡೆ. ಅವರ ಲೆಕ್ಕದಲ್ಲಿ ರೊಟ್ಟಿ ಪಲ್ಯ ಎಂದರೆ ಒಂದು ಸಿಹಿಗೂ ಇನ್ನೊಂದು ಸಿಹಿಗೂ ನಡುವೆ ನಾಲಿಗೆಗೆ ಕೊಡುವ ವಿಶ್ರಾಂತಿ. ಕಣ್ಣು ಮಂಜಾದಾಗ ಹೊಗೆ ಹೆಚ್ಚಾಗಿದೆ ಎಂದರು. ನೀರಡಿಕೆ ಹೆಚ್ಚಾದಾಗ ಬಿಸಿಲು ಹೆಚ್ಚಾಗಿದೆ ಎಂದರು. ಕೊನೆಗೆ ಚಪ್ಪಲಿ ಕಚ್ಚಿದ ಗಾಯವೊಂದು ಎಷ್ಟು ದಿನವಾದರೂ ಮಾಯದೆ ಹುಣ್ಣಾಗಿ ನಿಂತಾಗ, ಹೆಂಡತಿ ಪ್ರಯಾಗಬಾಯಿ ಅವರನ್ನು ಎತ್ತಿನ ಗಾಡಿಯಲ್ಲಿ ಕೂಡಿಸಿ ಉಮರ್ಗಾಕ್ಕೆ ಕರೆದೊಯ್ದಳು.

ಉಮರ್ಗಾದ ಡಾಕ್ಟರು ಗಾಜಿನ ನಳಿಗೆಯಲ್ಲಿ ನೀಲಿ ಔಷಧ ಹಾಕಿ, ಅದಕ್ಕೆ ಅಧ್ಯಕ್ಷರ ಮೂತ್ರದ ಕೆಲವು ಹನಿ ಸೇರಿಸಿ, ಸ್ಪಿರಿಟ್ ದೀಪದ ಮೇಲೆ ಕಾಸಿದರು. ನೀಲಿ ಇದ್ದದ್ದು ನೋಡನೋಡುತ್ತ ಇಟ್ಟಂಗಿಯ ಕೆಂಪು ಬಣ್ಣಕ್ಕೆ ತಿರುಗಿತು.

"ಹೇ ಬಘಾ, ಇಲ್ಲಿ ನೋಡ್ರಿ ಸಾವ್ಕಾರ್ರ," ಎಂದರು ಡಾಕ್ಟರು. "ನೀಲಿ ಇದ್ರ ಸಕ್ರಿ ಇಲ್ಲ. ಹಸರ ಅಂದ್ರ ಸ್ವಲ್ಪ. ಹಳದಿ ಅಂದ್ರ ಜಾಸ್ತಿ. ನಿಮ್ದು ಇಟ್ಟಂಗಿ ಆಗ್ಯಾದ. ಇನ್ನ ಹಿಂಗೇ ಬಿಟ್ರ ಕಾಲ ಕತ್ತರಿಸಬೇಕಾಗ್ತದ."

ಮನ್ಮಥಪ್ಪನವರು ತಮ್ಮ ಕಾಲನ್ನು ನೋಡಿಕೊಂಡರು. ಅಷ್ಟು ವರ್ಷ ತಮ್ಮನ್ನು ಹೊತ್ತು ತಿರುಗಿದ ಕಾಲು ಒಮ್ಮೆಗೇ ಯಾರದೋ ಹಾಗೆ ಕಂಡು ಅವರಿಗೆ ಅಳು ಬಂತು.

ದವಾಖಾನೆಯಲ್ಲಿ ಮಲಗಿಸಿ ದಿನಾ ಸೂಜಿ ಚುಚ್ಚಿದರು, ಹಾಗಲಕಾಯಿ ಪಲ್ಯ ತಿನ್ನಿಸಿದರು. ಹುಣ್ಣು ಒಣಗಿತು. ಮನೆಗೆ ಕಳಿಸುವಾಗ ಡಾಕ್ಟರು, "ಹುಣ್ಣು ಮುಚ್ಚ್ಯಾದ ಸಾವ್ಕಾರ್ರ, ಖರೆ ಬಾಯಿ ಮುಚ್ಚಿಲ್ಲ. ಸಿಹಿ ಬಂದ್. ಕ್ಯಾನ್ವಾಸ್ ಬೂಟು ಹಾಕ್ಕೊಂಡು ದಿನಾ ಸಂಜಿಕ ನಡೀರಿ," ಎಂದರು.

ಮನೆಗೆ ಬಂದ ಮೂರನೆಯ ದಿನವೇ ಮನ್ಮಥಪ್ಪನವರು ಅಂಗಡಿಯಲ್ಲಿ ಬೆಲ್ಲದ ಪೆಂಟೆಗೆ ಹಲ್ಲು ಹಚ್ಚಿ ಕೂತಿದ್ದನ್ನು ಪ್ರಯಾಗಬಾಯಿ ಕಂಡಳು.

"ಇದೇನ್ರಿ?"

"ಮಾಲು ಪರೀಕ್ಷಾ ಮಾಡ್ಲಿಕತ್ತೀನಿ."

"ಅರ್ಧ ಪೆಂಟಿ ಪರೀಕ್ಷಾ ಆಗ್ಯಾದಲ್ರಿ!"

ಮನ್ಮಥಪ್ಪನವರು ಬಾಯಿ ಒರೆಸಿಕೊಂಡು ತಲೆ ತಗ್ಗಿಸಿದರು. "ಪ್ರಯಾಗಾ, ನಾ ನನ್ನ ಮಾತು ನಾನೇ ಕೇಳಂಗಿಲ್ಲ. ನಿನ್ನ ಮಾತೂ ಕೇಳಂಗಿಲ್ಲ. ಖರೆ ಇಷ್ಟು ವರ್ಷದಾಗ ಬಲ್ದಿಯಾದ ಠರಾವು ಒಂದೂ ಮೀರಿಲ್ಲ ನೋಡು."

ಇದು ನಿಜವಾಗಿತ್ತು. ಆದ್ದರಿಂದ ಮರುದಿನವೇ ತುರ್ತುಸಭೆ ಕರೆಯಲಾಯಿತು. ಸೆಕ್ರೆಟರಿ ಭೀಮಶಾ ಬರೆದುಕೊಟ್ಟದ್ದನ್ನು ಡಂಗುರದವನು ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಸಾರಿದನು: "ಎಲ್ಲಾ ಖಾಸ್ ಆಮ್ ಜನರಿಗೆ ತಿಳಿಯಪಡಿಸುವುದೇನೆಂದರೆ, ಬಲ್ದಿಯಾ ಸರಹದ್ದಿನೊಳಗೆ ಯಾವನೇ ಇಸಮನು ಮಾನ್ಯ ಅಧ್ಯಕ್ಷರಿಗೆ ಸಿಹಿ ಪದಾರ್ಥ ಕೊಡತಕ್ಕದ್ದಲ್ಲ, ಮಾರತಕ್ಕದ್ದಲ್ಲ, ತೋರಿಸಿ ಆಸೆ ಹಚ್ಚತಕ್ಕದ್ದಲ್ಲ. ತಪ್ಪಿದಲ್ಲಿ ಪರವಾನಗಿ ರದ್ದು. ಪರವಾನಗಿ ಇಲ್ಲದವರಿಗೆ ಒಂದು ಪರವಾನಗಿ ಕೊಟ್ಟು ರದ್ದು ಮಾಡಲಾಗುವುದು."

ಸಿಹಿ ಪದಾರ್ಥ ಎಂದರೇನು ಎಂಬ ತಕರಾರು ಬಂದಾಗ ಉಪಾಧ್ಯಕ್ಷ ಜಗದೇವಪ್ಪನವರ ನೇತೃತ್ವದಲ್ಲಿ ಒಂದು ಉಪಸಮಿತಿ ನೇಮಕವಾಯಿತು. ಅದು ಊರಿನ ಏಕೈಕ ಮಿಠಾಯಿ ಅಂಗಡಿಯಾದ ಧೂಳಪ್ಪನ ಅಂಗಡಿಯಲ್ಲೇ ಕಲಾಪ ನಡೆಸಿ, ಜಿಲೇಬಿ, ಲಾಡು, ಖಾಜಾ, ಬಾಸುಂದಿಗಳನ್ನು ಒಂದೊಂದಾಗಿ ವಿಚಾರಣೆ ಮಾಡಿತು. ವರದಿ ಹೀಗಿತ್ತು: "ಮೇಲ್ಕಂಡವೆಲ್ಲ ಸಿಹಿ ಎಂದು ಸಾಬೀತಾಗಿದೆ. ಬಾಲೂಶಾಹಿಯ ಬಗ್ಗೆ ಸದಸ್ಯರಲ್ಲಿ ಒಮ್ಮತ ಬಾರದ ಕಾರಣ ಇನ್ನೂ ಕೆಲವು ಸಾರೆ ಕೂಡುವುದು ಅಗತ್ಯ."

ಕೆಲವು ವಾರ ಎಲ್ಲವೂ ನೆಟ್ಟಗೆ ನಡೆಯಿತು. ಮನ್ಮಥಪ್ಪನವರು ಜೋಳದ ರೊಟ್ಟಿ, ಪುಂಡಿ ಪಲ್ಯ ತಿಂದು, ಕನಸಿನಲ್ಲಿ ಮಾತ್ರ ಹೋಳಿಗೆ ತಿನ್ನುತ್ತಿದ್ದರು. ಅಲ್ಲಿಯೂ ಭೀಮಶಾ ಬಂದು ತಾಟು ಎತ್ತಿಕೊಂಡು ಹೋಗುತ್ತಿದ್ದ. ಆದರೆ ಧೂಳಪ್ಪನಿಗೆ ತನ್ನ ದೊಡ್ಡ ಗಿರಾಕಿ ಹೋದದ್ದು ಸಹಿಸಲಾಗಲಿಲ್ಲ. ಅಂವಾ ಬಲ್ದಿಯಾ ಗೋಡೆಗೆ ಅಂಟಿಸಿದ ಠರಾವನ್ನು ಬೆರಳಿಟ್ಟು ಓದಿದ, ಮತ್ತೊಮ್ಮೆ ಓದಿದ. "ಸರಹದ್ದಿನೊಳಗೆ" ಎಂಬಲ್ಲಿ ಅವನ ಬೆರಳು ನಿಂತಿತು. ಮರುದಿನ ಧೂಳಪ್ಪ ಕಡಾಯಿ ಸಮೇತ ಊರ ಮೂಡಣ ದಿಕ್ಕಿಗೆ ಹೋಗಿ, ಸರಕಿಗೆ ಸುಂಕ ಹಾಕುವ ಜಕಾತಿ ನಾಕಾದ ಗಡಿಕಲ್ಲು ದಾಟಿ, ಬೇವಿನ ಗಿಡದ ಕೆಳಗೆ ಒಲೆ ಹೂಡಿದ.

ಆ ಸಂಜೆ ಡಾಕ್ಟರ ಅಪ್ಪಣೆಯಂತೆ ನಡೆಯಲು ಹೊರಟ ಮನ್ಮಥಪ್ಪನವರಿಗೆ ಮೂಡಣ ಗಾಳಿಯಲ್ಲಿ ಜಿಲೇಬಿಯ ವಾಸನೆ ಬಂತು. ಕ್ಯಾನ್ವಾಸ್ ಬೂಟು ತಾವಾಗಿಯೇ ಆ ಕಡೆ ತಿರುಗಿದವು. ಗಡಿಕಲ್ಲಿನ ಹತ್ತಿರ ನಿಂತು ಅವರು ಜೊತೆಗಿದ್ದ ಭೀಮಶಾನನ್ನು ಕೇಳಿದರು:

"ಭೀಮಶಾ, ಈ ಕಲ್ಲಿನಾಚೆ ನಮ್ಮ ಠರಾವು ನಡೀತದೇನು?"

"ನಡಿಯಂಗಿಲ್ರಿ ಸಾವ್ಕಾರ್ರ. ಆಚಿ ಕಡಿ ನೀವು ಅಧ್ಯಕ್ಷರೇ ಅಲ್ರಿ."

"ಅಂದ್ರ ಬರೇ ಮನ್ಮಥಪ್ಪ?"

"ಬರೇ ಮನ್ಮಥಪ್ಪ ರೀ."

ಬರೇ ಮನ್ಮಥಪ್ಪನವರು ಕಲ್ಲು ದಾಟಿ, ಎಲೆ ತುಂಬ ಜಿಲೇಬಿ ತಿಂದು, ಬೆರಳು ನೆಕ್ಕಿ, ಮತ್ತೆ ಕಲ್ಲು ದಾಟಿ ಅಧ್ಯಕ್ಷರಾಗಿ ಮನೆಗೆ ಬಂದರು. ಕಾನೂನಿಗೆ ಕೂದಲಿನಷ್ಟೂ ಧಕ್ಕೆಯಾಗಲಿಲ್ಲ.

ಉಮರ್ಗಾದ ಮುಂದಿನ ಪರೀಕ್ಷೆಯಲ್ಲಿ ಬಣ್ಣ ಮತ್ತೆ ಇಟ್ಟಂಗಿಯತ್ತ ಹೊರಟಾಗ ಪ್ರಯಾಗಬಾಯಿಗೆ ಭೀಮಶಾನ ಬಾಯಿಂದ ಎಲ್ಲವೂ ತಿಳಿಯಿತು. ಆಕಿ ಗಂಡನಿಗೆ ಒಂದು ಮಾತೂ ಆಡದೆ ನೆಟ್ಟಗೆ ಜಗದೇವಪ್ಪನವರ ಮನೆಗೆ ಹೋದಳು.

"ಭಾವಜಿ, ಊರಿನ ಹದ್ದು ಬೇವಿನ ಗಿಡದಾಚೆ ತನಕಾ ಹಿಗ್ಗಸ್ರಿ."

"ಯಾಕ್ರಿ ವೈನಿ?"

"ಆಚಿ ಕಡಿ ಎಣ್ಣಿ ಗಾಣ ಅದ, ದನದ ಸಂತಿ ಅದ. ಜಕಾತಿ ಬ್ಯಾಡೇನು ನಿಮಗ?"

ಜಗದೇವಪ್ಪನವರ ಮುಖ ಹಬ್ಬದ ದಿನದಂತೆ ಅರಳಿತು. ಸಭೆಯಲ್ಲಿ ಸರಹದ್ದು ವಿಸ್ತರಣೆಯ ಠರಾವು ಬಂದಾಗ ಎಲ್ಲರೂ ಕೈಯೆತ್ತಿದರು. ಅಧ್ಯಕ್ಷರ ಕುರ್ಚಿಯಲ್ಲಿ ಕೂತ ಮನ್ಮಥಪ್ಪನವರು ಬೇಡವೆನ್ನಬೇಕೆಂದರೆ ಯಾಕೆ ಬೇಡವೆಂದು ಹೇಳಬೇಕಾಗುತ್ತಿತ್ತು. ಅವರು ಸಹಿ ಹಾಕಿದರು. ಆ ದಿನವೇ ಗಡಿಕಲ್ಲನ್ನು ಕಿತ್ತು, ನಾಕಾದ ತಗಡಿನ ಶೆಡ್ಡನ್ನು ಗಾಡಿಯ ಮೇಲೆ ಹೇರಿ, ಬೇವಿನ ಗಿಡದಾಚೆ ನೆಡಲಾಯಿತು. ಧೂಳಪ್ಪ ಒಲೆ ಆರಿಸಿ, ಕಡಾಯಿ ತಲೆಯ ಮೇಲೆ ಹೊತ್ತು, ಹಳ್ಳದ ಸೇತುವೆಯಾಚೆ ಹೋಗಿ ಕೂತ.

ಸೇತುವೆ ಸರಹದ್ದಿನೊಳಗೆ ಬಂತು. ಧೂಳಪ್ಪ ಹುಣಸೆ ತೋಪಿಗೆ ಹೋದ. ತೋಪೂ ಒಳಗೆ ಬಂತು. ಪ್ರತಿ ಸಲ ಬಲ್ದಿಯಾ ಸಿಬ್ಬಂದಿ ಕಲ್ಲು ಕಿತ್ತು ಹೊರಟರೆ ಧೂಳಪ್ಪನೇ ಮುಂದೆ ನಿಂತು ದಾರಿ ತೋರಿಸುತ್ತಿದ್ದ; ದಣಿದವರಿಗೆ ಒಂದೊಂದು ಲಾಡು ಕೊಡುತ್ತಿದ್ದ. ಮನ್ಮಥಪ್ಪನವರಿಗೆ ನಡೆಯದೆ ಗತಿ ಇರಲಿಲ್ಲ. ಡಾಕ್ಟರು ಹೇಳಿದ ನಡಿಗೆ ಎಂಬ ನೆವದಿಂದಲೇ ಅವರು ಹೊರಡುತ್ತಿದ್ದುದರಿಂದ ಗಾಡಿ ಹೂಡೆಂದು ಯಾರಿಗೂ ಹೇಳುವಂತಿರಲಿಲ್ಲ. ಮೊದಮೊದಲು ಸೇತುವೆಯ ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಆಮೇಲೆ ತೋಪಿನವರೆಗೆ ಒಂದೇ ಉಸುರಿಗೆ ಹೋಗತೊಡಗಿದರು. ಭೀಮಶಾ ಹಿಂದೆ ಬಿದ್ದು, "ಸಾವ್ಕಾರ್ರ, ಸಾವಕಾಶ," ಎಂದು ಕೂಗುತ್ತಿದ್ದ. ಧೋತರ ಸಡಿಲಾಗಿ ಎರಡು ಸುತ್ತು ಹೆಚ್ಚು ಸುತ್ತಬೇಕಾಯಿತು. ಕಣ್ಣಿನ ಮಂಜು ತಿಳಿಯಾಗಿ, ದೂರದಿಂದಲೇ ಧೂಳಪ್ಪನ ಹೊಗೆ ಕಾಣುವಂತಾಯಿತು.

ಧೂಳಪ್ಪನ ಕಷ್ಟವೇ ಬೇರೆ. ಅಷ್ಟು ದೂರ ಹಿಟ್ಟು, ತುಪ್ಪ, ಸಕ್ಕರೆ ಹೊರಲಾಗದೆ ಅಂವಾ ಜಿಲೇಬಿ ಬಿಟ್ಟ, ಲಾಡು ಬಿಟ್ಟ. ಕಡೆಗೆ ದಾಳಿಂಬ ಎಂಬ ಊರಿನ ದಾರಿ ಹಿಡಿದು, ಕೋಳನವಾಡಿ ಎಂಬ ಪುಟ್ಟ ಹಳ್ಳಿಗೆ ಹೋದ. ಅದೂ ಸರಹದ್ದಿನೊಳಗೆ ಬಂದ ಮೇಲೆ ಹಳ್ಳಿಯಾಚೆ ಒಂದು ಬನ್ನಿ ಗಿಡದ ಕೆಳಗೆ ಪೇಡೆಯ ಒಂದು ಡಬ್ಬಿ ಇಟ್ಟುಕೊಂಡು ಕೂತ.

ಒಂದು ಸಂಜೆ ಮನ್ಮಥಪ್ಪನವರು ಬೆವರೊರೆಸಿಕೊಳ್ಳುತ್ತ ಅಲ್ಲಿಗೆ ತಲುಪಿದಾಗ ಗಿಡದ ಕೆಳಗೆ ಪ್ರಯಾಗಬಾಯಿ ಕೂತಿದ್ದಳು. ಎತ್ತು ಬಿಚ್ಚಿದ ಗಾಡಿ ಪಕ್ಕದಲ್ಲಿತ್ತು. ಧೂಳಪ್ಪ ಆಕಾಶ ನೋಡುತ್ತಿದ್ದ.

ಮನ್ಮಥಪ್ಪನವರು ಏನನ್ನೋ ಹುಡುಕುವವರ ಹಾಗೆ ಅತ್ತಿತ್ತ ನೋಡಿದರು. "ಗಡಿಕಲ್ಲು ತಪಾಸಣಾ ಮಾಡ್ಲಿಕ್ಕ ಬಂದಿದ್ದೆ..."

"ಬರ್ರಿ, ಕೂಡ್ರಿ. ಮೊದಲ ಮಜ್ಜಿಗಿ ಕುಡೀರಿ."

"ಪ್ರಯಾಗಾ, ನಿನಗ ಎಲ್ಲಾ ಗೊತ್ತಿತ್ತೇನು?"

"ಗೊತ್ತಿಲ್ದ ಕಲ್ಲು ಕೀಳಸ್ತಿದ್ದೆನೇನ್ರಿ? ಮೊದಲ ಸಿಟ್ಟಿಲೆ ಕೀಳಿಸಿದೆ. ಆಮ್ಯಾಲ ಡಾಕ್ಟರು ಬಣ್ಣ ಇಳೀಲಿಕತ್ತದ ಅಂದ್ರು. ನೀವು ನಡದಷ್ಟು ಛಲೋ ಅಂತ ಕೀಳಸ್ಕೋತ ಹೋದೆ." ಆಕಿ ಡಬ್ಬಿಯಿಂದ ಒಂದು ಪೇಡೆ ತೆಗೆದು ಮುರಿದಳು. "ಅರ್ಧ ನಿಮಗ, ಅರ್ಧ ನನಗ. ಇಷ್ಟಕ್ಕ ಡಾಕ್ಟರು ಏನೂ ಅನ್ನಂಗಿಲ್ಲ, ನಾ ಕೇಳೀನಿ."

ಮನ್ಮಥಪ್ಪನವರು ಆ ಅರ್ಧ ಪೇಡೆಯನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಅಗಿಯದೆ ಕೂತರು. ಒಂದು ಕಾಲದಲ್ಲಿ ನಾಲ್ಕು ಪೇಡೆಯನ್ನು ಒಂದೇ ಸಲ ನುಂಗಿದ್ದ ಬಾಯಿ ಅದು. ರುಚಿ ಎಂಬುದು ಇದೇ ಮೊದಲ ಸಲ ಸಿಕ್ಕಂತಾಯಿತು. ಹೆಂಡತಿ ಎಷ್ಟು ಹೇಳಿದರೂ ಗಾಡಿ ಹತ್ತದೆ, ಗಾಡಿಯ ಪಕ್ಕದಲ್ಲಿ ನಡೆಯುತ್ತಲೇ ಮನೆಗೆ ಬಂದರು.

ಇಷ್ಟರೊಳಗೆ ಹೈದರಾಬಾದ್ ರಾಜ್ಯ ಮುಗಿದು ಈ ಭಾಗವೆಲ್ಲ ಮುಂಬಯಿ ರಾಜ್ಯಕ್ಕೆ ಸೇರಿತು. ರಾಜ್ಯದ ಗಡಿ ಬದಲಾಯಿತೆಂದು ಕೇಳಿ ಬೇರೆ ಊರಿನವರು ಚರ್ಚೆ ಮಾಡಿದರು. ಹರಳಖೇಡದವರು ಮಾತ್ರ, "ಮುಂಬಯಿದಾಗ ಯಾರಿಗಿ ಸಕ್ರಿ ಬ್ಯಾನಿ ಅದಂತ?" ಎಂದು ಕೇಳಿ ಸುಮ್ಮನಾದರು.

ಹೊಸ ಜಿಲ್ಲೆಯ ಅಧಿಕಾರಿಯೊಬ್ಬರು ನಕ್ಷೆ ಹಿಡಿದುಕೊಂಡು ಬಂದರು. ಒಂದೇ ಪೇಟೆ ಬೀದಿಯ ಈ ಊರು ಮೂಡಣಕ್ಕೆ ಬಾಲದ ಹಾಗೆ ಬೆಳೆದು, ಹೊಲ, ಹಳ್ಳ, ತೋಪು, ಒಂದು ಹಳ್ಳಿ ಎಲ್ಲವನ್ನೂ ನುಂಗಿದ್ದನ್ನು ನೋಡಿ ಕಾರಣ ಕೇಳಿದರು. ಭೀಮಶಾ ಎದ್ದು ನಿಂತು, "ಅಧ್ಯಕ್ಷರಿಗೆ ಸಿಹಿ ಅಂದ್ರ ಜೀವ ರೀ, ಖರೆ ಮೂತ್ರದಾಗ ಸಕ್ರಿ ಅದ. ಸಿಹಿ ಹದ್ದಿನಾಚಿ ಹೋದಂಗೆಲ್ಲ ಹದ್ದು ಹಿಗ್ಗಸಬೇಕಾಯ್ತು," ಎಂದ. ಅಧಿಕಾರಿಗಳು ತಲೆಯಾಡಿಸಿ, "ಸಾರ್ವಜನಿಕ ಆರೋಗ್ಯದ ಹಿತದೃಷ್ಟಿಯಿಂದ, ಅಧ್ಯಕ್ಷರ ಮೂತ್ರದಲ್ಲಿ ಸಕ್ಕರೆ ಇರುವವರೆಗೆ ಈ ಸರಹದ್ದು ಮಂಜೂರು," ಎಂದು ಬರೆದು ಬಾಲೂಶಾಹಿ ತಿಂದು ಹೋದರು.

ಈ ಮಂಜೂರಿಯ ಸುದ್ದಿ ಕೇಳಿ ಕೋಳನವಾಡಿಯ ರೈತ ರೇವಣಪ್ಪ ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು ಓಡೋಡಿ ಬಂದ. ಸರಹದ್ದಿನೊಳಗೆ ಬಂದ ಮೇಲೆ ಬಲ್ದಿಯಾ ನಿಯಮದಂತೆ ಅವನ ಜೋಳದ ಹೊಲದ ನಡುವೆಯೂ ದೀಪದ ಕಂಬ ನೆಟ್ಟು, ದಿನಾ ಕಂದೀಲು ಹಚ್ಚುತ್ತಿದ್ದರು. ಬೆಳೆ ತಿನ್ನುತ್ತಿದ್ದ ಕಾಡುಹಂದಿಗಳು ಬೆಳಕಿಗೆ ಹೆದರಿ ಹೊಲಕ್ಕೆ ಕಾಲಿಡುವುದನ್ನೇ ಬಿಟ್ಟಿದ್ದವು.

"ಸಾವ್ಕಾರ್ರ," ಎಂದು ರೇವಣಪ್ಪ ಕೈ ಮುಗಿದ. "ನಿಮ್ದು ಹಸರ ತನಕಾ ಇಳದದಂತ. ನೀಲಿ ಆಯ್ತಂದ್ರ ಹದ್ದು ಹಿಂದ ಸರೀತದ, ಕಂದೀಲು ಹೋಗ್ತದ. ಹಸರದಾಗೇ ನಿಂದರ್ರಿ. ನಿಮ್ಮ ಕಾಲು ಬೀಳ್ತೀವಿ."

ಗಾಣದ ಜಕಾತಿಯ ರುಚಿ ಹತ್ತಿದ್ದ ಜಗದೇವಪ್ಪನವರು ಆ ಕ್ಷಣವೇ ಅನುಮೋದಿಸಿದರು. "ಮಾನ್ಯ ಅಧ್ಯಕ್ಷರ ಬಣ್ಣವು ಹಸಿರಾಗಿರತಕ್ಕದ್ದು" ಎಂಬ ಠರಾವು ಸರ್ವಾನುಮತದಿಂದ ಪಾಸಾಯಿತು.

ಮುಂದಿನ ಪರೀಕ್ಷೆಗೆ ಅಧ್ಯಕ್ಷ ದಂಪತಿಗಳ ಜೊತೆ ಬಲ್ದಿಯಾದ ಸದಸ್ಯರೆಲ್ಲರೂ ರೇವಣಪ್ಪನೂ ಉಮರ್ಗಾಕ್ಕೆ ಹೋದರು. ಡಾಕ್ಟರು ನಳಿಗೆಯನ್ನು ದೀಪದ ಮೇಲೆ ಹಿಡಿದರು. ಕುದಿಯಿತು. ಎಲ್ಲರೂ ಬಗ್ಗಿ ನೋಡಿದರು. ಔಷಧ ಹೇಗಿತ್ತೋ ಹಾಗೇ ಉಳಿಯಿತು, ಮಳೆ ತೊಳೆದ ಆಕಾಶದ ನೀಲಿ.

ಭೀಮಶಾ ಕನ್ನಡಕ ಸರಿಪಡಿಸಿಕೊಂಡು, "ಹಸರ ಅದ ರೀ," ಎಂದ.

"ಛಲೋ ಹಸರ," ಎಂದರು ಜಗದೇವಪ್ಪ.

"ನಮ್ಮ ಜ್ವಾಳದ ಗರಿ ಹಂಗೇ ಅದ," ಎಂದ ರೇವಣಪ್ಪ.

ಡಾಕ್ಟರು ಕಕ್ಕಾಬಿಕ್ಕಿಯಾಗಿ ಪ್ರಯಾಗಬಾಯಿಯ ಕಡೆ ನೋಡಿದರು. ಆಕಿ ಸೆರಗು ಸರಿಮಾಡಿಕೊಂಡು ಕೇಳಿದಳು:

"ಡಾಕ್ಟರ್ರ, ನೀಲಿ ಆದ್ರ ಇವರು ನಡಿಯೋದು ಬಿಡಬಹುದೇನ್ರಿ?"

"ಛೇ! ಬಿಡಬಾರದು. ಬಿಟ್ರ ಮತ್ತ ಇಟ್ಟಂಗಿನೇ."

"ಹಂಗಾದ್ರ ಹಸರೇ ಅದ, ಬರಕೋರಿ."

ಡಾಕ್ಟರು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಈ ಕಡೆ ಆ ಕಡೆ ತಿರುಗಿಸಿ, ಹೌದು, ಹಸಿರೇ ಎಂದು ಒಪ್ಪಿಕೊಂಡರು. ಮನ್ಮಥಪ್ಪನವರಿಗೆ ತಡೆಯಲಾಗದಷ್ಟು ನಗು ಬಂತು. ನಗುತ್ತ ನಗುತ್ತ ಅವರು ಬಾಗಿ ಬೂಟಿನ ಲಾಡಿ ಬಿಗಿದುಕೊಂಡರು.

ಮರುದಿನ ಡಂಗುರವಾಯಿತು: ಬಲ್ದಿಯಾ ಸರಹದ್ದಿನೊಳಗೆ ನೀಲಿಗೆ ಹಸಿರು ಎನ್ನತಕ್ಕದ್ದು. ಯಾರೂ ತಕರಾರು ಮಾಡಲಿಲ್ಲ. ಆ ವಾರದ ಪರೀಕ್ಷೆಯಲ್ಲಿ ಶಾಲೆಯ ಹುಡುಗರೆಲ್ಲ ಆಕಾಶ ಹಸಿರಾಗಿದೆ ಎಂದು ಬರೆದರು, ಮಾಸ್ತರರು ಎಲ್ಲರಿಗೂ ಪೂರ್ತಿ ಅಂಕ ಕೊಟ್ಟರು.